ಹಳೆಯ ಮನೆ, ಮೈ ಕೊರೆಯುವ ಚಳಿ: ಮೊದಲು ಕೈ ಹಾಕಬೇಕಾದದ್ದು ಎಲ್ಲಿಗೆ?

ಪ್ರಶ್ನೆ: ಸೇಂಟ್ ಪಾಲ್, ಮಿನೆಸೋಟ

ಎಲ್ಲರಿಗೂ ನಮಸ್ಕಾರ. ಕಳೆದ ಬೇಸಿಗೆಯಲ್ಲಿ 1924ರಲ್ಲಿ ಕಟ್ಟಿದ ಒಂದೂವರೆ ಅಂತಸ್ತಿನ ಮರದ ಮನೆಯನ್ನು ಕೊಂಡೆವು. ಓಕ್ ಮರದ ನೆಲ, ಎತ್ತರದ ಕಿಟಕಿಗಳು, ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿತ್ತು. ಚಳಿಗಾಲ ಬಂದ ಮೇಲೆ ಬಣ್ಣ ಬಯಲಾಯಿತು. ಮಾಳಿಗೆಯ ಕೋಣೆಯಲ್ಲಿ ಎರಡು ರಜಾಯಿ ಹೊದ್ದರೂ ನಿದ್ರೆ ಬರುವುದಿಲ್ಲ. ಸೂರಿನುದ್ದಕ್ಕೂ ದಪ್ಪ ಮಂಜುಗಡ್ಡೆ ಕಟ್ಟುತ್ತದೆ. ಜನವರಿಯಲ್ಲಿ ಊಟದ ಕೋಣೆಯ ಗೋಡೆಯ ಮೇಲ್ತುದಿಯಲ್ಲಿ ಕಂದು ಬಣ್ಣದ ನೀರಿನ ಕಲೆ ಮೂಡಿತು. ಮನೆ ಬೆಚ್ಚಗಿಡುವ ಫರ್ನೇಸ್ ಬಿಡುವಿಲ್ಲದೆ ಓಡುತ್ತಿದ್ದರೂ ಸೋಫಾದಲ್ಲಿ ಕುಳಿತರೆ ಕಾಲಿಗೆ ತಣ್ಣನೆಯ ಗಾಳಿ ತಾಗುತ್ತಲೇ ಇರುತ್ತದೆ. ಒಬ್ಬ ಗುತ್ತಿಗೆದಾರರು ಕಿಟಕಿಗಳನ್ನೆಲ್ಲ ಬದಲಿಸಿ ಎಂದರು. ಇನ್ನೊಬ್ಬರು ಅಟ್ಟಕ್ಕೆಲ್ಲ ಶಾಖ ತಡೆಯುವ ಫೋಮ್ ಹೊಡೆಸಿ ಎಂದರು. ಎರಡರ ಬೆಲೆಯೂ ನಮ್ಮ ಕೈಗೆ ಎಟಕುವಂಥದ್ದಲ್ಲ. ಮುಂದಿನ ಚಳಿಗಾಲಕ್ಕೆ ಹಾಸನದಿಂದ ಅಮ್ಮ ಬರುತ್ತಾರೆ, ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ. ಇಂಥ ಮನೆಯನ್ನು ಸರಿಪಡಿಸಿಕೊಂಡವರು ದಯವಿಟ್ಟು ಹೇಳಿ: ಎಲ್ಲಿಂದ ಶುರು ಮಾಡಬೇಕು?

ಮಿನಿಯಾಪೊಲಿಸ್‌ನಿಂದ

ಕಿಟಕಿಯವರನ್ನು ಸದ್ಯಕ್ಕೆ ಬಾಗಿಲಲ್ಲೇ ನಿಲ್ಲಿಸಿ. ನಿಮ್ಮ ಮನೆ ಯಾವ ಕಾಲದ್ದೋ ನಮ್ಮದೂ ಹೆಚ್ಚುಕಡಿಮೆ ಅದೇ ಕಾಲದ್ದು, ಅದೇ ಒಂದೂವರೆ ಅಂತಸ್ತು. ನೀವು ಬರೆದ ತೊಂದರೆಗಳ ಮೂಲ ಒಂದೇ, ಅದು ಅಟ್ಟದಲ್ಲಿದೆ.

ಬಿಸಿ ಗಾಳಿ ಮೇಲಕ್ಕೇರಿ ಅಟ್ಟದ ಸಂದುಗಳಿಂದ ಹೊರಗೆ ಹೋಗುತ್ತದೆ. ಹೋದಷ್ಟೇ ತಣ್ಣನೆಯ ಗಾಳಿ ನೆಲಮಾಳಿಗೆಯ ಸಂದುಗಳಿಂದ ಒಳಕ್ಕೆ ಬರಲೇಬೇಕು. ಕಾಲಿಗೆ ತಾಗುವ ಗಾಳಿಗೆ ಕಿಟಕಿಯನ್ನು ದೂರುತ್ತೇವೆ, ಆದರೆ ಅದನ್ನು ಎಳೆಯುತ್ತಿರುವುದು ತಲೆಯ ಮೇಲಿನ ತೂತು. ಸೂರಿನ ಗಡ್ಡೆಗೂ ಅದೇ ಕಾರಣ. ಸೋರಿದ ಬಿಸಿಯಿಂದ ಛಾವಣಿಯ ಹಲಗೆ ಬೆಚ್ಚಗಾಗಿ ಮೇಲಿನ ಹಿಮ ಕರಗುತ್ತದೆ. ನೀರು ಕೆಳಗೆ ಹರಿದು ಗೋಡೆಯಿಂದಾಚೆಗೆ ಚಾಚಿದ ಸೂರಿಗೆ ಬರುತ್ತದೆ. ಅಲ್ಲಿ ಕೆಳಗಿನಿಂದ ಬಿಸಿ ಇಲ್ಲ, ಹಾಗಾಗಿ ಹೆಪ್ಪುಗಟ್ಟಿ ಒಡ್ಡಾಗುತ್ತದೆ. ಒಡ್ಡಿನ ಹಿಂದೆ ನಿಂತ ನೀರು ಶಿಂಗಲ್‌ಗಳ, ಅಂದರೆ ಛಾವಣಿಗೆ ಹೊದಿಸಿದ ಬಿಲ್ಲೆಗಳ, ಅಡಿಗೆ ನುಗ್ಗಿ ಗೋಡೆಗಿಳಿಯುತ್ತದೆ. ಊಟದ ಕೋಣೆಯ ಕಲೆ ಅದರದ್ದೇ ಇರಬೇಕು. ಸೂರಿಗೆ ಬಿಸಿ ತಂತಿ ಕಟ್ಟುವುದರಿಂದ ಒಂದು ಚಳಿಗಾಲ ದಾಟಬಹುದು, ಸೋರಿಕೆ ಮಾತ್ರ ಹಾಗೆಯೇ ಉಳಿಯುತ್ತದೆ.

ಮೊದಲ ಖರ್ಚು ಬ್ಲೋವರ್ ಡೋರ್ ಪರೀಕ್ಷೆಗಿರಲಿ. ಮುಂಬಾಗಿಲಿಗೆ ಬಟ್ಟೆಯ ಚೌಕಟ್ಟು ಬಿಗಿದು, ಅದರಲ್ಲಿ ದೊಡ್ಡ ಫ್ಯಾನ್ ಕೂರಿಸಿ, ಒಳಗಿನ ಗಾಳಿಯನ್ನು ಹೊರಗೆಳೆಯುತ್ತಾರೆ. ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಬರುವಂತೆ ಮಾಡಿ, ಆಗ ಎಷ್ಟು ಗಾಳಿ ನುಗ್ಗುತ್ತಿದೆ ಎಂದು ಅಳೆಯುತ್ತಾರೆ. ಅಷ್ಟು ಹೊತ್ತು ನೀವು ಸುಮ್ಮನೆ ಕೂರಬೇಡಿ. ಅಂಗೈ ಹಿಂಭಾಗವನ್ನು ಸ್ವಲ್ಪ ಒದ್ದೆ ಮಾಡಿಕೊಂಡು ಮನೆಯೆಲ್ಲ ಓಡಾಡಿ. ಸ್ವಿಚ್ ಬೋರ್ಡಿನ ಅಂಚು, ಗೋಡೆ ನೆಲ ಸೇರುವ ಪಟ್ಟಿ, ಗೋಡೆಯೊಳಗಿನ ಕಪಾಟಿನ ಹಿಂಬದಿ, ಅಟ್ಟದ ಮುಚ್ಚಳ, ಇಲ್ಲೆಲ್ಲ ತಂಪು ಚುಚ್ಚುತ್ತದೆ. ಗಾಜಿನ ಹತ್ತಿರಕ್ಕಿಂತ ಇಲ್ಲಿಯೇ ಹೆಚ್ಚು ಎಂಬುದು ನಿಮ್ಮ ಕೈಗೇ ಗೊತ್ತಾಗುತ್ತದೆ. ಚಳಿಗಾಲದಲ್ಲಿಯೇ ಮಾಡಿಸಿದರೆ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ತಣ್ಣನೆಯ ಜಾಗಗಳು ಗಾಢ ಬಣ್ಣದಲ್ಲಿ ಎದ್ದು ಕಾಣುತ್ತವೆ. ನಮ್ಮ ಕಡೆ ವಿದ್ಯುತ್, ಗ್ಯಾಸ್ ಕಂಪನಿಗಳೇ ರಿಯಾಯಿತಿ ದರದಲ್ಲಿ ಈ ತಪಾಸಣೆ ಏರ್ಪಡಿಸುತ್ತವೆ.

ಆಮೇಲೆ ಟಾರ್ಚ್ ಹಿಡಿದು ಅಟ್ಟಕ್ಕೆ ಹತ್ತಿ. ಶಾಖ ತಡೆಯಲು ಹಳೆಯ ಗುಲಾಬಿ ಫೈಬರ್‌ಗ್ಲಾಸ್ ಹಾಸಿದ್ದರೆ ಅಲ್ಲಲ್ಲಿ ಎತ್ತಿ ನೋಡಿ. ಕಪ್ಪಾಗಿರುವ ಕಡೆ ಕೆಳಗೆ ತೂತಿದೆ ಎಂದೇ ಅರ್ಥ: ವರ್ಷಗಟ್ಟಲೆ ಅದರ ಮೂಲಕ ಗಾಳಿ ಹಾದು ಧೂಳನ್ನು ಅಲ್ಲಿ ಬಿಟ್ಟು ಹೋಗಿದೆ. ಫೈಬರ್‌ಗ್ಲಾಸ್ ಗಾಳಿಯನ್ನು ತಡೆಯುವುದಿಲ್ಲ, ಸೋಸುತ್ತದೆ ಅಷ್ಟೆ. ನಮ್ಮಲ್ಲಿ ಅತಿ ದೊಡ್ಡ ತೂತು ಇದ್ದದ್ದು ಚಿಮಣಿಯ ಸುತ್ತ. ಇಟ್ಟಿಗೆಗೂ ಮರಕ್ಕೂ ನಡುವೆ ಎರಡು ಬೆರಳು ತೂರುವಷ್ಟು ಸಂದು, ಕೆಳಗೆ ಇಣುಕಿದರೆ ನೆಲಮಾಳಿಗೆಯ ದೀಪದ ಬೆಳಕು ಕಾಣುತ್ತಿತ್ತು. ಬೆಂಕಿಯ ಭಯವಿರುವುದರಿಂದ ಅಲ್ಲಿ ಫೋಮ್ ಹಾಕುವಂತಿಲ್ಲ; ತಗಡು ಕತ್ತರಿಸಿ ಕೂರಿಸಿ, ಶಾಖ ತಡೆಯುವ ಸೀಲೆಂಟ್‌ನಿಂದ ಅಂಚು ಮುಚ್ಚಬೇಕು.

ಒಂದೂವರೆ ಅಂತಸ್ತಿನ ಮನೆಗಳ ದೊಡ್ಡ ಕಿರಿಕಿರಿ ಇಳಿಜಾರು ಛಾವಣಿಯ ಅಡಿಯಲ್ಲಿ ನಿಲ್ಲಿಸಿದ ಗಿಡ್ಡ ಗೋಡೆಗಳು. ಆ ಗೋಡೆಯ ಬುಡದಲ್ಲಿ, ಮಾಳಿಗೆಯ ನೆಲದ ತೊಲೆಗಳ ನಡುವಿನ ಜಾಗ ತೆರೆದೇ ಇರುತ್ತದೆ. ಚಳಿಗಾಳಿ ಅಲ್ಲಿಂದ ನುಗ್ಗಿ ನಿಮ್ಮ ಮಂಚದ ಅಡಿಯಲ್ಲಿ ಈ ಕೊನೆಯಿಂದ ಆ ಕೊನೆಗೆ ಹರಿಯುತ್ತದೆ. ಪ್ರತಿ ತೊಲೆಯ ನಡುವೆಯೂ ಗಟ್ಟಿ ಫೋಮ್ ಹಲಗೆಯ ತುಂಡು ಕತ್ತರಿಸಿ ಕೂರಿಸಿ, ಸುತ್ತ ಫೋಮ್ ಹಚ್ಚಬೇಕು. ಮಂಡಿಯೂರಿ ತೆವಳುವ ಕೆಲಸ, ಬೆನ್ನು ಹಿಡಿಯುತ್ತದೆ, ಆದರೆ ಸಾಮಗ್ರಿಗೆ ಹೆಚ್ಚು ಹಣ ಬೇಕಿಲ್ಲ.

ಸಂದುಗಳೆಲ್ಲ ಮುಚ್ಚಿದ ಮೇಲೆಯೇ ಇನ್ಸುಲೇಷನ್, ಅಂದರೆ ಶಾಖ ತಡೆಯುವ ಹೊದಿಕೆ. ಈ ಕ್ರಮ ತಪ್ಪಿದರೆ ತೂತುಗಳ ಮೇಲೆ ಹೊದಿಕೆ ಹೊದಿಸಿದಂತಾಗುತ್ತದೆ, ಆಮೇಲೆ ಅವನ್ನು ಹುಡುಕುವುದೂ ಕಷ್ಟ. ನಮ್ಮ ಹವಾಮಾನ ವಲಯದಲ್ಲಿ ಅಟ್ಟಕ್ಕೆ ಆರ್-49ರಿಂದ ಆರ್-60 ಬೇಕು (ಆರ್ ಎಂದರೆ ಶಾಖ ದಾಟದಂತೆ ತಡೆಯುವ ಶಕ್ತಿಯ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು). ಊದಿ ತುಂಬುವ ಸೆಲ್ಯುಲೋಸ್, ಅಂದರೆ ಬೆಂಕಿ ತಡೆಯುವ ರಾಸಾಯನಿಕ ಬೆರೆಸಿದ ಹಳೆಯ ಕಾಗದದ ಚೂರು, ಅಂಗುಲಕ್ಕೆ ಸುಮಾರು ಆರ್-3.5 ಕೊಡುತ್ತದೆ. 14 ಅಂಗುಲ ತುಂಬಿದರೆ ಆರ್-49 ಸಿಕ್ಕಿತು. ಇಳಿಜಾರಿನ ಭಾಗದಲ್ಲಿ ಅಷ್ಟು ಆಳವಿರುವುದಿಲ್ಲ, ಅಲ್ಲಿ ಮಾತ್ರ ಫೋಮಿನವರ ಮಾತಿಗೆ ಬೆಲೆಯಿದೆ: ಗಟ್ಟಿ ಜಾತಿಯ ಫೋಮ್ ಅಂಗುಲಕ್ಕೆ ಆರ್-6ಕ್ಕಿಂತ ಹೆಚ್ಚು. ಆದರೆ ಅಟ್ಟಕ್ಕೆಲ್ಲ ಅದನ್ನೇ ಹೊಡೆಸಿ ಎಂದರೆ ಅವರ ಅನುಕೂಲ ಹೇಳುತ್ತಿದ್ದಾರೆ ಎಂದುಕೊಳ್ಳಿ.

ನೆಲಮಾಳಿಗೆಯಲ್ಲಿ ಅಡಿಪಾಯದ ಗೋಡೆಯ ಮೇಲೆ ಮರ ಕೂರುವ ಅಂಚನ್ನೂ ಇದೇ ರೀತಿ ಮುಚ್ಚಿ. ಗೋಡೆಗಳು ಆಮೇಲೆ. ಹೊರಗಿನ ಹಲಗೆ ತೆಗೆದು ಎರಡೂವರೆ ಅಂಗುಲದ ತೂತು ಕೊರೆದು ಸೆಲ್ಯುಲೋಸನ್ನು ಒತ್ತಿ ತುಂಬುತ್ತಾರೆ. ಘನ ಅಡಿಗೆ 3.5 ಪೌಂಡ್ ಸಾಂದ್ರತೆ ಬರಬೇಕೆಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಸಡಿಲವಾಗಿ ತುಂಬಿದರೆ ಕೆಲವು ವರ್ಷಗಳಲ್ಲಿ ಕುಸಿದು ಗೋಡೆಯ ಮೇಲ್ಭಾಗ ಮತ್ತೆ ಖಾಲಿಯಾಗುತ್ತದೆ.

ಡೆಟ್ರಾಯಿಟ್ ಪಕ್ಕದಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಅಟ್ಟದಲ್ಲಿ ಏನನ್ನಾದರೂ ಕೆದಕುವ ಮೊದಲು ಇದನ್ನು ಓದಿ.

ತೊಲೆಗಳ ನಡುವೆ ಬೂದು ಅಥವಾ ಚಿನ್ನದ ಬಣ್ಣಕ್ಕೆ ಹೊಳೆಯುವ ಸಣ್ಣ ಹರಳುಗಳಂಥದ್ದು ಕಂಡರೆ ಮುಟ್ಟದೆ ಇಳಿದುಬನ್ನಿ. ಅದು ವರ್ಮಿಕ್ಯುಲೈಟ್, ಹಿಂದೆ ಶಾಖ ತಡೆಯಲು ಅಟ್ಟಕ್ಕೆ ಸುರಿಯುತ್ತಿದ್ದ ಖನಿಜ. ಅಮೆರಿಕದಲ್ಲಿ ಮಾರಾಟವಾದ ವರ್ಮಿಕ್ಯುಲೈಟ್‌ನ ಬಹುಪಾಲು ಮಾಂಟಾನಾದ ಲಿಬಿ ಗಣಿಯಿಂದ ಬಂದದ್ದು, ಆ ಗಣಿಯ ಅದಿರಿನಲ್ಲಿ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ಕುತ್ತು ತರುವ ಆಸ್ಬೆಸ್ಟಾಸ್ ನಾರು ಬೆರೆತಿತ್ತು. ಗಣಿ 1990ರಲ್ಲಿ ಮುಚ್ಚಿತು, ಸರಕು ಮಾತ್ರ ಅಟ್ಟಗಳಲ್ಲಿ ಉಳಿದಿದೆ. ಪರವಾನಗಿ ಇರುವವರಿಂದಲೇ ತೆಗೆಸಬೇಕು. ಜೋನೋಲೈಟ್ ಎಂಬ ಹೆಸರಿನ ಸರಕಾಗಿದ್ದರೆ ತೆಗೆಸುವ ಖರ್ಚಿನ ಒಂದು ಭಾಗವನ್ನು ಮರಳಿಸುವ ಟ್ರಸ್ಟ್ ಇದೆ, ವಿಚಾರಿಸಿ.

ಇನ್ನೊಂದು, ಹಳೆಯ ವಿದ್ಯುತ್ ತಂತಿ. ಬಿಳಿ ಪಿಂಗಾಣಿ ಗುಬುಟುಗಳ ಮೇಲೆ ಒಂಟಿ ತಂತಿಗಳು ಹರಿದಿದ್ದರೆ ಅದು 1930ರ ದಶಕದವರೆಗೂ ಸಾಮಾನ್ಯವಾಗಿದ್ದ ವ್ಯವಸ್ಥೆ. ಸುತ್ತಲಿನ ಗಾಳಿಗೆ ಶಾಖ ಬಿಟ್ಟುಕೊಡುವಂತೆ ಮಾಡಿದ್ದು, ಅದನ್ನು ಸೆಲ್ಯುಲೋಸಿನಲ್ಲಿ ಹೂತರೆ ಬೆಂಕಿಗೆ ಆಹ್ವಾನ. ವಿಮಾ ಕಂಪನಿಗಳೂ ತಕರಾರು ತೆಗೆಯುತ್ತವೆ. ಎಲೆಕ್ಟ್ರಿಷಿಯನ್ ಮುಗಿಸಿ ಹೋದ ಮೇಲೆ ಇನ್ಸುಲೇಷನ್‌ನವರು ಬರಲಿ.

ಮಗುವಿರುವುದರಿಂದ ಸೀಸದ ಬಣ್ಣವನ್ನೂ ಮರೆಯಬೇಡಿ. ಇಲ್ಲಿನ ಮನೆಗಳಿಗೆ ಅದನ್ನು ನಿಷೇಧಿಸಿದ್ದು 1978ರಲ್ಲಿ. ನಿಮ್ಮ ಮನೆಯ ಕಿಟಕಿಗಳಿಗೆ ಅದಕ್ಕೂ ಮುಂಚೆ ಅರ್ಧ ಶತಮಾನ ಬಣ್ಣ ಬಳಿದಿದ್ದಾರೆ. ಕಿಟಕಿಯ ರೆಕ್ಕೆ ಮೇಲೆ ಕೆಳಗೆ ಉಜ್ಜಿದಾಗಲೆಲ್ಲ ಉದುರುವ ಪುಡಿ ಕಿಟಕಿಯ ಕೆಳಗಟ್ಟೆಯ ಮೇಲೆ ಕೂರುತ್ತದೆ, ಅಂಬೆಗಾಲಿಡುವ ಮಗುವಿನ ಕೈ ಮೊದಲು ಹೋಗುವುದೂ ಅಲ್ಲಿಗೇ. ಒಣಗಿದ್ದನ್ನು ಉಜ್ಜಿ ತೆಗೆಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಮಗಳ ರಕ್ತಪರೀಕ್ಷೆ ಮಾಡಿಸುವಂತೆ ಮಕ್ಕಳ ವೈದ್ಯರನ್ನು ಕೇಳಿ.

ಒಟ್ಟಾವಾದಿಂದ

ಕಿಟಕಿಯ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಹಣದ ಲೆಕ್ಕದಲ್ಲಿ ಹೊಸ ಕಿಟಕಿ ಲಾಭವಲ್ಲ, ಒಪ್ಪಿದೆ. ಹಳೆಯ ಒಂಟಿ ಗಾಜು ಆರ್-1, ಅದಕ್ಕೆ ಹೊರಗಿನಿಂದ ಇನ್ನೊಂದು ಗಾಜಿನ ಕಿಟಕಿ ಸೇರಿಸಿದರೆ ಆರ್-2ರ ಹತ್ತಿರ, ಒಳ್ಳೆಯ ಹೊಸ ಜೋಡಿಗಾಜು ಆರ್-3ರ ಆಸುಪಾಸು. ಅಷ್ಟು ದುಡ್ಡು ಸುರಿದು ಸಿಗುವುದು ಅಷ್ಟೇ. ಆದರೆ ಸೀಸದ ಬಣ್ಣದ ಮಾತು ಬಂದಾಗ, ಮಗು ಮಲಗುವ ಕೋಣೆಯ ಒಂದೆರಡು ಕಿಟಕಿಗಳನ್ನು ಬದಲಿಸುವುದು ದುಂದು ಎಂದು ನಾನು ಹೇಳಲಾರೆ. ಉಳಿದವುಗಳಿಗೆ ಈ ವರ್ಷ ಪ್ಲಾಸ್ಟಿಕ್ ಹಾಳೆ ಸಾಕು. ಚೌಕಟ್ಟಿನ ಸುತ್ತ ಎರಡು ಬದಿ ಅಂಟುವ ಟೇಪ್ ಹಚ್ಚಿ, ಹಾಳೆ ಅಂಟಿಸಿ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಾಯಿಸಿದರೆ ಸುಕ್ಕೆಲ್ಲ ಹೋಗಿ ತಮಟೆಯಂತೆ ಬಿಗಿಯುತ್ತದೆ.

ಇಂಗ್ಲೆಂಡಿನ ಲೀಡ್ಸ್‌ನಿಂದ

ಇದನ್ನು ನೋಡುತ್ತಿರುವ ಇಂಗ್ಲೆಂಡಿನ ಕನ್ನಡಿಗರಿಗೆ ಒಂದು ಎಚ್ಚರಿಕೆ. ಸೇಂಟ್ ಪಾಲ್‌ನವರದ್ದು ಮರದ ಮನೆ, ನಮ್ಮದು ವಿಕ್ಟೋರಿಯಾ ಕಾಲದ ಇಟ್ಟಿಗೆ ಸಾಲುಮನೆ. ಅಲ್ಲಿನ ಮದ್ದನ್ನು ಇಲ್ಲಿಗೆ ಹಾಗೆಯೇ ತರುವಂತಿಲ್ಲ.

ಇಲ್ಲಿನ 9 ಅಂಗುಲದ ಗಟ್ಟಿ ಗೋಡೆಯ ಒಳಗೆ ತುಂಬಲು ಟೊಳ್ಳು ಜಾಗವೇ ಇಲ್ಲ. ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕಟ್ಟಿದ್ದಾರೆ. ನಮ್ಮೂರಿನ ಹಳೆಯ ತೊಟ್ಟಿಮನೆಗಳ ಗಾರೆಯನ್ನು ಕಂಡವರಿಗೆ ಅದರ ಗುಣ ಹೇಳಬೇಕಿಲ್ಲ: ಮಳೆಗೆ ತೇವ ಕುಡಿಯುತ್ತದೆ, ಬಿಸಿಲಿಗೆ, ಗಾಳಿಗೆ ಬಿಟ್ಟುಕೊಡುತ್ತದೆ. ಅದರ ಸಂದಿಗೆ ಸಿಮೆಂಟ್ ಮೆತ್ತಿದರೆ ತೇವ ಹೊರಹೋಗುವ ದಾರಿ ಮುಚ್ಚಿ, ಒಳಗೋಡೆಯಲ್ಲಿ ಬೂಷ್ಟು ಬರುತ್ತದೆ, ಹಿಮ ಬಿದ್ದಾಗ ಇಟ್ಟಿಗೆಯ ಮುಖವೇ ಚಕ್ಕೆ ಎದ್ದು ಉದುರುತ್ತದೆ. ನನ್ನ ಪಕ್ಕದ ಮನೆಯವರ ಗೋಡೆ ಈಗ ಹಾಗೆಯೇ ಇದೆ. ಅವರಿಗೆ ಅದನ್ನು ಮಾಡಿಕೊಟ್ಟವರು ಗೋಡೆಗೆ ನೀರು ಇಳಿಯದ ಬಣ್ಣವನ್ನೂ ಬಳಿದು ಹೋಗಿದ್ದರು. ಮೊದಲು ಸೂರಿನ ದೋಣಿ, ನೀರಿಳಿಯುವ ಕೊಳವೆ ಸರಿಪಡಿಸಿ. ಗೋಡೆ ಒಂದು ಋತುವಿಡೀ ಒಣಗಲಿ. ಆಮೇಲೆ ಮರದ ನಾರಿನ ಹಲಗೆ, ಸುಣ್ಣದ ಗಿಲಾವು, ಹೀಗೆ ತೇವ ಹಾಯಲು ಬಿಡುವ ಸಾಮಗ್ರಿಯ ಮಾತು.

ಅಟ್ಟಕ್ಕೆ 270 ಮಿಲಿಮೀಟರ್ ಉಣ್ಣೆಯಂಥ ಹಾಸು ಇಲ್ಲಿನ ಶಿಫಾರಸು, ಸುಲಭ ಮತ್ತು ಅಗ್ಗ. ಛಾವಣಿಯ ಒಳಬದಿಗೆ ಫೋಮ್ ಹೊಡೆಸಬೇಡಿ. ಅಂಥ ಮನೆಗೆ ಸಾಲ ಕೊಡಲು ಇಲ್ಲಿನ ಹಲವು ಬ್ಯಾಂಕುಗಳು ಒಪ್ಪುವುದಿಲ್ಲ, ನಾಳೆ ಮಾರುವಾಗ ಪೇಚು. ಮರದ ನೆಲದ ಅಡಿ ಗಾಳಿಯಾಡಲು ಹೊರಗೋಡೆಯ ಬುಡದಲ್ಲಿ ಬಿಟ್ಟ ತೂತಿನ ಇಟ್ಟಿಗೆಗಳನ್ನು ಚಳಿ ಎಂದು ಮುಚ್ಚಿದವರ ತೊಲೆಗಳು ಕೊಳೆತದ್ದನ್ನು ಕಂಡಿದ್ದೇನೆ. ಸರ್ಕಾರಿ ಯೋಜನೆಯಲ್ಲಿ ಬಿಟ್ಟಿ ಮಾಡಿಕೊಡುತ್ತೇವೆ ಎಂದು ಬಾಗಿಲು ತಟ್ಟುವವರ ವಿಷಯದಲ್ಲಿಯೂ ಹುಷಾರು. ಅಂಥ ಯೋಜನೆಗಳಡಿ ಹೊರಗೋಡೆಗೆ ಇನ್ಸುಲೇಷನ್ ಹಾಕಿಸಿಕೊಂಡ ಮನೆಗಳಲ್ಲಿ ನೂರಕ್ಕೆ 98ರಲ್ಲಿ ಸರಿಪಡಿಸಬೇಕಾದ ದೋಷಗಳಿವೆ ಎಂದು ಇಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯೇ 2025ರ ಅಕ್ಟೋಬರ್‌ನಲ್ಲಿ ವರದಿ ಮಾಡಿದೆ.

ಪ್ರಶ್ನೆ ಕೇಳಿದವರು ಮತ್ತೆ

ಎಲ್ಲರಿಗೂ ಧನ್ಯವಾದ. ಅಟ್ಟ ಹತ್ತಿ ನೋಡಿದೆ. ಹೊಳೆಯುವ ಹರಳುಗಳಿಲ್ಲ, ಗುಲಾಬಿ ಹಾಸಿದೆ, ಚಿಮಣಿಯ ಸುತ್ತ ಇದ್ದಿಲಿನಷ್ಟು ಕಪ್ಪು. ಪಿಂಗಾಣಿ ಗುಬುಟುಗಳು ಒಂದು ಮೂಲೆಯಲ್ಲಿವೆ, ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ. ಈಗ ಇನ್ನೊಂದು ಅನುಮಾನ. ಸಂದುಗಳನ್ನೆಲ್ಲ ಹೀಗೆ ಮುಚ್ಚಿಬಿಟ್ಟರೆ ಉಸಿರಾಡಲು ಗಾಳಿ ಎಲ್ಲಿಂದ? ಅಮ್ಮ ಬಂದರೆ ದಿನವೂ ಒಗ್ಗರಣೆ, ಇಡ್ಲಿ, ಸಾರು. ಈಗಲೇ ಕುಕ್ಕರ್ ಇಟ್ಟರೆ ಅಡುಗೆಮನೆಯ ಕಿಟಕಿಯಲ್ಲಿ ನೀರು ಇಳಿಯುತ್ತದೆ.

ಮಿನಿಯಾಪೊಲಿಸ್‌ನಿಂದ

ಕೇಳಲೇಬೇಕಾದ ಪ್ರಶ್ನೆ. ಗುತ್ತಿಗೆದಾರರು ಇದನ್ನು ತಾವಾಗಿ ಎತ್ತುವುದು ಅಪರೂಪ.

ಮೊದಲು ನೆಲಮಾಳಿಗೆಯ ಬಿಸಿನೀರಿನ ಟ್ಯಾಂಕ್ ನೋಡಿ. ಮೇಲ್ಗಡೆ ತಗಡಿನ ಟೋಪಿಯಂಥದ್ದಿದ್ದು, ಅಲ್ಲಿಂದ ಕೊಳವೆ ಚಿಮಣಿಗೆ ಹೋಗಿದ್ದರೆ, ಅದರ ಹೊಗೆ ತನ್ನಷ್ಟಕ್ಕೆ ಮೇಲೇರುವುದನ್ನೇ ನಂಬಿಕೊಂಡಿದೆ. ಮನೆ ಬಿಗಿಯಾದ ಮೇಲೆ ಅಡುಗೆಮನೆಯ ದೊಡ್ಡ ಫ್ಯಾನ್ ಹಾಕಿದರೆ, ಅದು ಗಾಳಿಯನ್ನು ಆ ಚಿಮಣಿಯಿಂದಲೇ ಕೆಳಗೆಳೆಯಬಹುದು. ಜೊತೆಗೆ ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತದೆ. ಆದ್ದರಿಂದ ಸಂದು ಮುಚ್ಚಿದ ದಿನವೇ ಫ್ಯಾನುಗಳನ್ನೆಲ್ಲ ಹಾಕಿ ಹೊಗೆ ಮೇಲೇರುತ್ತಿದೆಯೇ ಎಂದು ಪರೀಕ್ಷಿಸಲು ಕೆಲಸ ಮಾಡಿದವರಿಗೆ ಹೇಳಿ. ಟ್ಯಾಂಕ್ ಹಳೆಯದಾಗಿದ್ದರೆ ಹೊಗೆಯನ್ನು ತನ್ನದೇ ಮುಚ್ಚಿದ ಕೊಳವೆಯಲ್ಲಿ ನೇರ ಹೊರಗೆ ಕಳಿಸುವ ಗ್ಯಾಸ್ ಮಾದರಿಗೋ ವಿದ್ಯುತ್ ಮಾದರಿಗೋ ಬದಲಿಸಿ. ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು.

ಒಗ್ಗರಣೆಗೆ ಒಲೆಯ ಮೇಲೆ ಗಾಳಿಯನ್ನು ಹೊರಗೆ ಬಿಡುವ ಹುಡ್ ಬೇಕು. ಸೋಸಿ ಮತ್ತೆ ಮುಖಕ್ಕೇ ಊದುವ ಹುಡ್‌ನಿಂದ ಘಾಟು ಹೋಗುವುದಿಲ್ಲ, ಆವಿಯಂತೂ ಹೋಗುವುದೇ ಇಲ್ಲ. ಕಿಟಕಿಯಲ್ಲಿ ನೀರಿಳಿಯುವುದಕ್ಕೆ ಕಾರಣ ಒಳಗಿನ ತೇವ. ಹೊರಗೆ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಇರುವಾಗ ಒಳಗೆ ಶೇಕಡಾ 25ರ ಸುತ್ತ ಇದ್ದರೆ ಸಾಕು. ಒಂದು ಸಣ್ಣ ತೇವಮಾಪಕ ತಂದು ಅಡುಗೆಮನೆಯಲ್ಲಿಡಿ. ಕೈಯಲ್ಲಿ ಹಣ ಉಳಿದರೆ ಎಚ್‌ಆರ್‌ವಿ ಹಾಕಿಸಿ: ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ತಾಜಾ ಗಾಳಿಗೆ ದಾಟಿಸುವ ಯಂತ್ರ ಅದು.

ರೇಡಾನ್, ಅಂದರೆ ನೆಲದಿಂದ ಮನೆಯೊಳಕ್ಕೆ ಏರುವ ವಿಕಿರಣಶೀಲ ಅನಿಲ, ಅದರ ಪರೀಕ್ಷೆಯನ್ನು ಈಗೊಮ್ಮೆ, ಕೆಲಸ ಮುಗಿದ ಮೇಲೊಮ್ಮೆ ಮಾಡಿಸಿ. ಮಿನೆಸೋಟದಲ್ಲಿ ಐದರಲ್ಲಿ ಎರಡು ಮನೆಗಳಲ್ಲಿ ಅದು ಅಪಾಯದ ಮಟ್ಟ ಮುಟ್ಟಿರುತ್ತದೆ ಎಂದು ರಾಜ್ಯದ ಆರೋಗ್ಯ ಇಲಾಖೆಯೇ ಹೇಳುತ್ತದೆ. ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣದ ಅಳತೆ) ಮೀರಿದರೆ ಫ್ಯಾನ್ ಹಾಕಿಸಿ ಹೊರಗೆ ಬಿಡಬೇಕು. ದುಡ್ಡಿನ ಮಾತು: ಇನ್ಸುಲೇಷನ್‌ಗೆ ಸಿಗುತ್ತಿದ್ದ ಫೆಡರಲ್ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದುಹೋಗಿದೆ, ಈಗಲೂ ಇದೆ ಎನ್ನುವ ಗುತ್ತಿಗೆದಾರರನ್ನು ನಂಬಬೇಡಿ. ಗ್ಯಾಸ್ ಕಂಪನಿಯ ರಿಯಾಯಿತಿ ಬೇರೆ, ಅದನ್ನು ಕೆಲಸ ಶುರುವಾಗುವ ಮೊದಲೇ ಕೇಳಿ. ಅಟ್ಟಕ್ಕೆ ಮತ್ತೆ ಹತ್ತಿದಾಗ ಬಚ್ಚಲಮನೆಯ ಫ್ಯಾನಿನ ಕೊಳವೆ ಎಲ್ಲಿಗೆ ಹೋಗಿದೆ ಎಂದೂ ನೋಡಿ. ಹಳೆಯ ಮನೆಗಳಲ್ಲಿ ಅದನ್ನು ಅಟ್ಟದಲ್ಲೇ ಬಿಟ್ಟಿರುತ್ತಾರೆ. ಆ ಆವಿ ಮೊಳೆಗಳ ತುದಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ, ಮಾರ್ಚ್‌ನಲ್ಲಿ ಕರಗಿ, ನೀವು ಹೊಸದಾಗಿ ತುಂಬಿಸಿದ ಸೆಲ್ಯುಲೋಸಿನ ಮೇಲೆ ತೊಟ್ಟಿಕ್ಕುತ್ತದೆ.