ಕೇಳಿದ ತೂಕ ಪುಸ್ತಕಕ್ಕೆ ಇಳಿಯುವಷ್ಟರಲ್ಲಿ ಮರೆತುಹೋಗುವುದು ಯಾಕೆ? ಮನಶ್ಶಾಸ್ತ್ರಜ್ಞೆಗೆ ನಮ್ಮ ಗುಂಪಿನವರ ಪ್ರಶ್ನೆಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರದ ವಿಷಯ ಗಮನ ಮತ್ತು ಮರೆವು. ಉತ್ತರ ಕೊಡುವವರು ಮಡಿಕೇರಿಯಲ್ಲಿ ಕೌನ್ಸೆಲಿಂಗ್ ಮಾಡುವ ಮನಶ್ಶಾಸ್ತ್ರಜ್ಞೆ, ನಮ್ಮ ಗುಂಪಿನ ಸದಸ್ಯೆ. ದಯವಿಟ್ಟು ಯಾರೂ ರಿಪೋರ್ಟ್, ಮಾತ್ರೆ ಚೀಟಿ ಇಲ್ಲಿ ಹಾಕಬೇಡಿ.

ಪ್ರಶ್ನೆ (ಸಿದ್ದಾಪುರ ಕಡೆಯ ತೋಟದ ರೈಟರ್): ಮೇಡಂ, ಕಾಫಿ ಕೊಯ್ಲು ಶುರುವಾದರೆ ಸಂಜೆ ಹಣ್ಣಿನ ತೂಕ ಬರೆಯುವುದು ನನ್ನ ಕೆಲಸ. ಮೇಸ್ತ್ರಿ ತೂಕ ಕೂಗುತ್ತಾರೆ, ನಾನು ಪುಸ್ತಕಕ್ಕೆ ಹಾಕಬೇಕು. ನಡುವೆ ಯಾರಾದರೂ "ರೈಟ್ರೇ, ನಿನ್ನೆ ನಂದು ಎಷ್ಟಾಗಿತ್ತು?" ಅಂದರೆ ಮುಗೀತು, ಆ ತೂಕ ತಲೆಯಿಂದ ಹೋಗಿರುತ್ತದೆ. ವಯಸ್ಸು 38. ಹಳೇ ವಿಷಯವೆಲ್ಲ ಚೆನ್ನಾಗಿ ನೆನಪಿದೆ. ಇದೇನಾದರೂ ಕಾಯಿಲೆಯಾ?

ಉತ್ತರ: ಕಾಯಿಲೆ ಅಲ್ಲ. ನಿಮ್ಮ ಜಾಗದಲ್ಲಿ ಯಾರು ಕೂತಿದ್ದರೂ ಹೀಗೇ ಆಗುತ್ತದೆ. ಆದರೆ ಆ ತೂಕದಲ್ಲಿ ಒಬ್ಬರ ದಿನದ ಕೂಲಿ ಇದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೇಸ್ತ್ರಿ ಕೂಗಿದ "ಅರವತ್ಮೂರು ಕೆಜಿ ನಾನೂರು" ಮೊದಲು ಹೋಗುವುದು ಅಲ್ಪಾವಧಿ ನೆನಪಿಗೆ. ಅಲ್ಲಿ ಅದು ತಾನಾಗಿಯೇ ಉಳಿಯುವುದಿಲ್ಲ. ಮನಸ್ಸಿನೊಳಗೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಾ ಇರಬೇಕು. ಹಾಗೆ ಹೇಳಿಕೊಳ್ಳುವುದಕ್ಕೆ ಗಮನ ಬೇಕು. ಗಮನ ಬೇರೆ ಕಡೆ ಹೋದ ಕೆಲವೇ ಸೆಕೆಂಡಿನಲ್ಲಿ ಸಂಖ್ಯೆಯೂ ಹೋಗುತ್ತದೆ.

1959ರಲ್ಲಿ ಅಮೆರಿಕದಲ್ಲಿ ಪೀಟರ್ಸನ್ ದಂಪತಿ ಇದನ್ನೇ ಪರೀಕ್ಷೆ ಮಾಡಿದರು. ಬರೀ ಮೂರು ಅಕ್ಷರ ಹೇಳಿದರು. ಅದರ ಬೆನ್ನಿಗೇ ಒಂದು ಸಂಖ್ಯೆ ಕೊಟ್ಟು, ಅಲ್ಲಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲು ಹೇಳಿದರು. ಎಣಿಸುತ್ತಾ ಇರುವಾಗ ಮನಸ್ಸಿನಲ್ಲಿ ಅಕ್ಷರ ಹೇಳಿಕೊಳ್ಳಲು ಆಗುವುದಿಲ್ಲ, ಅಲ್ವಾ? 18 ಸೆಕೆಂಡ್ ಆದ ಮೇಲೆ ಕೇಳಿದರೆ, ಸರಿಯಾಗಿ ಹೇಳಿದ್ದು ಹತ್ತರಲ್ಲಿ ಒಂದು ಸಲದಷ್ಟು ಮಾತ್ರ. ಅವರೆಲ್ಲ ಕಾಲೇಜು ವಿದ್ಯಾರ್ಥಿಗಳು, ಅಕ್ಷರ ಮೂರೇ! ನಿಮ್ಮನ್ನು "ನಿನ್ನೆ ಎಷ್ಟು?" ಅಂತ ಕೇಳುವವರು ಗೊತ್ತಿಲ್ಲದೆ ಇದೇ ಪರೀಕ್ಷೆ ಮಾಡುತ್ತಿದ್ದಾರೆ. ಅದರ ಮೇಲೆ ಅವರು ಕೇಳುವುದೂ ಇನ್ನೊಂದು ಸಂಖ್ಯೆಯನ್ನೇ. ಒಂದೇ ಜಾತಿಯ ಎರಡು ವಿಷಯ ಒಂದರ ಮೇಲೊಂದು ಬಂದರೆ ಕಲಸಿಹೋಗುವುದು ಇನ್ನೂ ಜಾಸ್ತಿ.

ಹೀಗೆ ಒಳಗೊಳಗೇ ಹೇಳಿಕೊಳ್ಳುವ ಭಾಗಕ್ಕೆ ಒಂದು ಮಿತಿ ಇದೆ. ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಜೊತೆಯವರು 1975ರಲ್ಲಿ ತೋರಿಸಿದ ಪ್ರಕಾರ, ಸುಮಾರು ಎರಡು ಸೆಕೆಂಡಿನಲ್ಲಿ ಎಷ್ಟು ಹೇಳಿ ಮುಗಿಸಬಹುದೋ ಅಷ್ಟು ಮಾತ್ರ ಅಲ್ಲಿ ಸಲೀಸಾಗಿ ನಿಲ್ಲುತ್ತದೆ. ಆದ್ದರಿಂದ "ಅರವತ್ಮೂರು ಕಿಲೋ ನಾನೂರು ಗ್ರಾಂ" ಅಂತ ಉದ್ದಕ್ಕೆ ಹೇಳಿಕೊಳ್ಳಬೇಡಿ. "ಆರು, ಮೂರು, ನಾಲ್ಕು" ಸಾಕು. ಬರೆಯುವ ತನಕ ತುಟಿ ಆಡಿಸಿಕೊಂಡೇ ಹೇಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಇನ್ನೊಂದು ವಿಷಯ. ಸುತ್ತಲಿನ ಮಾತಿಗೆ ನೀವು ಕಿವಿ ಕೊಡದಿದ್ದರೂ ಅದು ಅಡ್ಡ ಬರುತ್ತದೆ. ಗೊತ್ತಿಲ್ಲದ ಭಾಷೆಯ ಮಾತಾದರೂ ಅಷ್ಟೇ, ಇದನ್ನೂ ಪ್ರಯೋಗ ಮಾಡಿ ನೋಡಿದ್ದಾರೆ. ಈಗ ನಮ್ಮ ತೋಟಗಳಲ್ಲಿ ಸಂಜೆ ಹೊತ್ತು ಎಷ್ಟು ಭಾಷೆ ಕೇಳುತ್ತದೆ ಅಂತ ನಿಮಗೇ ಗೊತ್ತು. ಆದ್ದರಿಂದ ನಿಮ್ಮ ಮೇಜು ಸಾಲು ನಿಂತಿರುವ ಜಾಗದಿಂದ ಸ್ವಲ್ಪ ದೂರ ಇರಲಿ.

ರೈಟರ್: ಧನ್ಯವಾದ ಮೇಡಂ. ಮೊಬೈಲಿನಲ್ಲಿ ತಕ್ಕಡಿಯ ಫೋಟೋ ಹೊಡೆದುಕೊಂಡು ರಾತ್ರಿ ಬರೆದರೆ ಆಗುತ್ತಾ?

ಉತ್ತರ: ಫೋಟೋ ಇದ್ದರೆ ಆಮೇಲೆ ತಾಳೆ ನೋಡುವುದಕ್ಕೆ ಒಳ್ಳೆಯದು. ಆದರೆ ಪುಸ್ತಕಕ್ಕೆ ಅಲ್ಲೇ ಬರೆಯಿರಿ. ಯಾರ ಮೂಟೆ ಯಾವುದು ಅನ್ನುವುದೂ ನೆನಪೇ ತಾನೆ? ರಾತ್ರಿ ಹೊತ್ತಿಗೆ ಅದೂ ಕಲಸಿಹೋಗಬಹುದು. ಬರೆದದ್ದನ್ನು ಕೊಯ್ದವರಿಗೆ ಒಮ್ಮೆ ಓದಿ ಹೇಳಿ. ತಮ್ಮ ತೂಕದ ಮೇಲೆ ಅವರಿಗಿರುವಷ್ಟು ಗಮನ ಬೇರೆ ಯಾರಿಗೂ ಇರುವುದಿಲ್ಲ.

ಪ್ರಶ್ನೆ (ವಿರಾಜಪೇಟೆ, ಗೃಹಿಣಿ): ಮಗ ಎರಡನೇ ಕ್ಲಾಸು. "ಬ್ಯಾಗ್ ಒಳಗಿಡು, ಕೈಕಾಲು ತೊಳಿ, ಟಿಫಿನ್ ಡಬ್ಬಿ ತೆಗೆದು ಹಾಕು, ಅಜ್ಜಿನ ಕರಿ" ಅಂದರೆ ಬ್ಯಾಗ್ ಇಟ್ಟು ಸುಮ್ನೆ ನಿಂತಿರುತ್ತಾನೆ. ಸ್ಕೂಲಿನಲ್ಲಿ "ನಿಮ್ಮ ಮಗನಿಗೆ ಗಮನವೇ ಇಲ್ಲ" ಅನ್ನುತ್ತಾರೆ. ಮನೆಯಲ್ಲಿ ನಾವು ಕೊಡವ ತಕ್ಕ್ ಮಾತಾಡುವುದು, ಅಲ್ಲಿ ಇಂಗ್ಲಿಷ್.

ಉತ್ತರ: ನೀವು ಒಂದೇ ಉಸಿರಿನಲ್ಲಿ ನಾಲ್ಕು ಕೆಲಸ ಹೇಳಿದ್ದೀರಿ. ದೊಡ್ಡವರ ತಲೆಯಲ್ಲೇ ಒಂದು ಹೊತ್ತಿಗೆ ನಿಲ್ಲುವುದು ಸುಮಾರು ನಾಲ್ಕು ಸಂಗತಿ. 1956ರಲ್ಲಿ ಜಾರ್ಜ್ ಮಿಲ್ಲರ್ ಏಳು, ಒಂದೆರಡು ಹೆಚ್ಚು ಕಡಿಮೆ, ಅಂದಿದ್ದರು. ಮನಸ್ಸಿನಲ್ಲಿ ಹೇಳಿಕೊಳ್ಳುವುದಕ್ಕೂ, ಹಲವು ಸಂಗತಿ ಸೇರಿಸಿ ಒಂದೇ ಗುಂಪು ಮಾಡಿಕೊಳ್ಳುವುದಕ್ಕೂ ಅವಕಾಶ ಇಲ್ಲದಂತೆ ಮಾಡಿ ನೋಡಿದರೆ ಅದು ನಾಲ್ಕರ ಹತ್ತಿರ ಇಳಿಯುತ್ತದೆ ಅಂತ 2001ರಲ್ಲಿ ನೆಲ್ಸನ್ ಕೋವನ್ ವಾದಿಸಿದರು. ಮಕ್ಕಳಲ್ಲಿ ಇನ್ನೂ ಕಡಿಮೆ, ಬೆಳೆಯುತ್ತಾ ಹೆಚ್ಚಾಗುತ್ತದೆ. ಅವನು ಬ್ಯಾಗ್ ಇಡುವುದರ ಕಡೆ ಗಮನ ಕೊಟ್ಟ ಹೊತ್ತಿನಲ್ಲಿ ಉಳಿದ ಮೂರು ಜಾರಿಹೋಗಿವೆ. ಅದು ಹಠವೂ ಅಲ್ಲ, ಸೋಮಾರಿತನವೂ ಅಲ್ಲ. ದಯವಿಟ್ಟು ಬೈಯಬೇಡಿ. ಬೈಗುಳ ಕೇಳಿ ಹೆದರಿದ ಮಗುವಿನ ಗಮನ ಆ ಹೆದರಿಕೆಗೇ ಖರ್ಚಾಗುತ್ತದೆ.

ಒಂದು ಸಲಕ್ಕೆ ಒಂದೇ ಹೇಳಿ, ಹೆಚ್ಚೆಂದರೆ ಎರಡು. ಹೇಳುವ ಮೊದಲು ಹತ್ತಿರ ಹೋಗಿ, ಅವನು ನಿಮ್ಮ ಮುಖ ನೋಡಲಿ. ಹೇಳಿದ್ದನ್ನು ಅವನ ಬಾಯಿಂದ ಒಮ್ಮೆ ಹೇಳಿಸಿ.

ಭಾಷೆಯ ವಿಷಯವನ್ನು ನೀವು ಬರೆದದ್ದು ಒಳ್ಳೆಯದಾಯಿತು. ಕಿವಿಗೆ ಹೊಸದಾದ ಶಬ್ದವನ್ನು ಹಿಡಿದಿಡಲು ಪರಿಚಯದ ಶಬ್ದಕ್ಕಿಂತ ಜಾಸ್ತಿ ಶ್ರಮ ಬೇಕು. ಟೀಚರ್ ಇಂಗ್ಲಿಷಿನಲ್ಲಿ ಉದ್ದದ ಸೂಚನೆ ಕೊಟ್ಟಾಗ, ಪಕ್ಕದ ಮಗು ಬರೀ ಅರ್ಥ ಹಿಡಿದರೆ ಸಾಕು. ನಿಮ್ಮ ಮಗ ಶಬ್ದವನ್ನೂ ಅರ್ಥವನ್ನೂ ಎರಡೂ ಹಿಡಿಯಬೇಕು. ಹೊರಗಿಂದ ನೋಡುವವರಿಗೆ ಗಮನ ಇಲ್ಲದವನ ಹಾಗೆ ಕಾಣುತ್ತಾನೆ, ನಿಜವಾಗಿ ಅವನ ಗಮನ ಪೂರ್ತಿ ಬಳಕೆಯಾಗುತ್ತಿದೆ. ಇದನ್ನು ಟೀಚರಿಗೆ ಹೇಳಿ. ಹಾಗಂತ ಮನೆಯಲ್ಲಿ ಕೊಡವ ತಕ್ಕ್ ಬಿಡಬೇಡಿ. ಅದು ಬಿಟ್ಟರೆ ಅವನಿಗೇ ನಷ್ಟ.

ಕಿವಿ ಸರಿಯಾಗಿ ಕೇಳಿಸುತ್ತದೆಯಾ, ನಿದ್ದೆ ಸಾಕಾಗುತ್ತದೆಯಾ ನೋಡಿ. ಮನೆ, ಸ್ಕೂಲು, ಆಟ ಎಲ್ಲ ಕಡೆಯೂ ತಿಂಗಳುಗಟ್ಟಲೆ ಹೀಗೇ ಇದ್ದು, ಓದಿಗೂ ಸ್ನೇಹಕ್ಕೂ ತೊಂದರೆ ಆಗುತ್ತಿದ್ದರೆ ಆಗ ಮಕ್ಕಳ ತಜ್ಞರಿಗೆ ತೋರಿಸಿ.

ಪ್ರಶ್ನೆ (ಕುಶಾಲನಗರ, ಕನ್ನಡ ಮೇಷ್ಟ್ರು): ನಾಲ್ಕೇ ಅಂದರೆ ನಂಬುವುದು ಕಷ್ಟ ಮೇಡಂ. ಶತಾವಧಾನಿ ಆರ್. ಗಣೇಶ್ ಅವರ ಅಷ್ಟಾವಧಾನ ನೋಡಿದ್ದೇನೆ. ಎಂಟು ಪೃಚ್ಛಕರು ಸರದಿಯಂತೆ ಪ್ರಶ್ನೆ ಹಾಕುತ್ತಾರೆ, ಅವಧಾನಿ ಏನನ್ನೂ ಬರೆದುಕೊಳ್ಳದೆ ಅಲ್ಲೇ ಪದ್ಯ ಕಟ್ಟಿ ಉತ್ತರಿಸಬೇಕು. ಒಬ್ಬರು ಸಮಸ್ಯೆ (ಪದ್ಯವಾಗಿ ಪೂರ್ತಿ ಮಾಡಬೇಕಾದ ಸಾಲು) ಕೊಡುತ್ತಾರೆ, ಒಬ್ಬರು ದತ್ತಪದಿ (ಪದ್ಯದಲ್ಲಿ ಸೇರಿಸಲೇಬೇಕಾದ ಪದಗಳು), ಒಬ್ಬರು ಅಕ್ಷರ ಅಕ್ಷರಕ್ಕೂ ನಿಷೇಧ ಹಾಕುತ್ತಾರೆ, ಸಂಖ್ಯಾಬಂಧದವರು ನಡುನಡುವೆ ಸಂಖ್ಯೆಗಳ ಚೌಕದ ಯಾವುದೋ ಮನೆಯ ಸಂಖ್ಯೆ ಕೇಳುತ್ತಾರೆ. ಇದೆಲ್ಲ ನಾಲ್ಕರಲ್ಲಿ ಹೇಗೆ ಹಿಡಿಯುತ್ತದೆ?

ಉತ್ತರ: ಮೇಷ್ಟ್ರೇ, ಬಹಳ ಒಳ್ಳೆಯ ಪ್ರಶ್ನೆ. ನನಗೆ ಅವಧಾನದಲ್ಲಿ ಎಲ್ಲಕ್ಕಿಂತ ಕುತೂಹಲ ಅಪ್ರಸ್ತುತ ಪ್ರಸಂಗದ ಮೇಲೆ. ಬೇಕಂತಲೇ ಸಂಬಂಧವಿಲ್ಲದ ಮಾತು ತೆಗೆದು ಅವಧಾನಿಯ ಗಮನ ಕೆಡಿಸುವುದಕ್ಕೇ ಒಬ್ಬರನ್ನು ಕೂರಿಸಿರುತ್ತಾರೆ. ಪೀಟರ್ಸನ್ ಪ್ರಯೋಗದಲ್ಲಿ ಹಿಂದಕ್ಕೆ ಎಣಿಸುವುದು ಮಾಡಿದ ಕೆಲಸವನ್ನೇ ಇಲ್ಲಿ ಒಬ್ಬ ಮನುಷ್ಯ ಮಾಡುತ್ತಾನೆ. ಗಮನ ಮುರಿದರೆ ನೆನಪು ಮುರಿಯುತ್ತದೆ ಅಂತ ಈ ಕಲೆಯನ್ನು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ನಾಲ್ಕರ ಲೆಕ್ಕ. ಆ ನಾಲ್ಕು ಅಕ್ಷರವೂ ಆಗಬಹುದು, ನಾಲ್ಕು ದೊಡ್ಡ ಗುಂಪೂ ಆಗಬಹುದು. ಒಂದು ಗುಂಪಿನೊಳಗೆ ಎಷ್ಟು ತುಂಬುತ್ತದೆ ಅನ್ನುವುದು ನಿಮಗೆ ಮೊದಲೇ ಏನು ಗೊತ್ತಿದೆ ಅನ್ನುವುದರ ಮೇಲೆ ನಿಂತಿದೆ. ಚೇಸ್ ಮತ್ತು ಸೈಮನ್ 1973ರಲ್ಲಿ ಚೆಸ್ ಆಟಗಾರರಿಗೆ ಐದು ಸೆಕೆಂಡ್ ಹಲಗೆ ತೋರಿಸಿ, ಕಾಯಿಗಳನ್ನು ನೆನಪಿನಿಂದ ಜೋಡಿಸಲು ಹೇಳಿದರು. ನಿಜವಾದ ಆಟದ ಹಲಗೆಯಾದರೆ ಪಳಗಿದ ಆಟಗಾರ ಹೊಸಬನಿಗಿಂತ ಎಷ್ಟೋ ಮುಂದೆ. ಕಾಯಿಗಳನ್ನು ಸುಮ್ನೆ ಎಲ್ಲೆಂದರಲ್ಲಿ ಇಟ್ಟು ತೋರಿಸಿದಾಗ ಅವನ ಮುನ್ನಡೆಯೆಲ್ಲ ಹೋಯಿತು. ಹಾಗಾದರೆ ಅವನ ಅಲ್ಪಾವಧಿ ನೆನಪು ಬೇರೆಯವರಷ್ಟೇ. ಜಾಸ್ತಿ ಇದ್ದದ್ದು ಆಟದ ತಿಳಿವಳಿಕೆ.

ಅವಧಾನಿಗೆ ಆ ಕೆಲಸ ಮಾಡಿಕೊಡುವುದು ಛಂದಸ್ಸು ಅಂತ ನನಗೆ ಅನ್ನಿಸುತ್ತದೆ. ಕಂದವೋ ವೃತ್ತವೋ, ಮಾತ್ರೆ ಗಣ ಎಲ್ಲ ಮೈಗೂಡಿರುತ್ತದೆ, ಅದಕ್ಕೆ ಬೇರೆ ಗಮನ ಬೇಡ. ಒಂದು ಸುತ್ತಿಗೆ ಒಂದು ಪಾದ ಹೇಳಿ ಮುಂದಿನವರ ಕಡೆ ತಿರುಗುತ್ತಾರೆ. ಆ ಪಾದ ಅರ್ಥದ ಜೊತೆ, ಲಯದ ಜೊತೆ ದೀರ್ಘಾವಧಿ ನೆನಪಿಗೆ ಇಳಿದಿರುತ್ತದೆ. ಮತ್ತೆ ಆ ಪೃಚ್ಛಕರ ಸರದಿ ಬಂದಾಗ ಅದನ್ನು ಎಳೆದು ತರಲು ಆದಿಪ್ರಾಸ ಇದ್ದೇ ಇದೆ. ಪ್ರತಿ ಪಾದದ ಎರಡನೇ ಅಕ್ಷರ ಒಂದೇ, ಅಂದರೆ ಹಿಡಿದು ಎಳೆಯಲು ಒಂದು ದಾರ ಸಿಕ್ಕ ಹಾಗೆ. ಕೊನೆಗೆ ಎಲ್ಲ ಪದ್ಯವನ್ನೂ ಒಟ್ಟಿಗೆ ಹೇಳುವ ಧಾರಣೆ ಇಷ್ಟರಿಂದಲೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಪ್ರತಿಭೆ, ವರ್ಷಗಟ್ಟಲೆ ಸಾಧನೆ ಎರಡೂ ಬೇಕು. ಆದರೆ ಯಾವ ಕ್ಷಣದಲ್ಲಿ ನೋಡಿದರೂ ಅವರ ಗಮನ ಇರುವುದು ಒಬ್ಬ ಪೃಚ್ಛಕರ ಮೇಲೆ ಮಾತ್ರ. ಮುಂದಿನ ಸಲ ನೋಡುವಾಗ ಗಮನಿಸಿ.

ಪ್ರಶ್ನೆ (ಮಡಿಕೇರಿ, ಟ್ಯಾಕ್ಸಿ ಚಾಲಕರು): ನಾನು ಸಂಪಾಜೆ ಘಾಟಿಯಲ್ಲಿ ದಿನಾ ಓಡಿಸುವವನು. ಫೋನ್ ಕೈಯಲ್ಲಿ ಹಿಡಿಯುವುದಿಲ್ಲ, ಬ್ಲೂಟೂತ್ ಮಾತ್ರ. ಕಣ್ಣು ರಸ್ತೆ ಮೇಲೇ ಇರುತ್ತದೆ. ಅದರಲ್ಲೂ ತಪ್ಪಿದೆಯಾ?

ಉತ್ತರ: ಇದೆ ಅಣ್ಣ. ಕೈ ಖಾಲಿ ಇದ್ದರೂ ಗಮನ ಖಾಲಿ ಇರುವುದಿಲ್ಲ. 2001ರಲ್ಲಿ ಸ್ಟ್ರೇಯರ್ ಮತ್ತು ಜಾನ್ಸ್‌ಟನ್ ಮಾಡಿದ ಪ್ರಯೋಗದಲ್ಲಿ, ಫೋನಿನಲ್ಲಿ ಮಾತಾಡುವವರು ಸಿಗ್ನಲ್ ಗಮನಿಸದೆ ಹೋದದ್ದು ಮಾಮೂಲಿಗಿಂತ ಎರಡು ಪಟ್ಟಿಗೂ ಜಾಸ್ತಿ. ಫೋನ್ ಕೈಯಲ್ಲಿ ಹಿಡಿದರೂ, ಹಿಡಿಯದಿದ್ದರೂ ವ್ಯತ್ಯಾಸ ಇರಲಿಲ್ಲ. ಆ ಕಡೆಯವರು "ಬಾಡಿಗೆ ಎಷ್ಟು, ಎಷ್ಟು ಹೊತ್ತಿಗೆ ಬರಬೇಕು" ಅನ್ನುತ್ತಿದ್ದರೆ ಅದನ್ನೆಲ್ಲ ನೀವು ಅಲ್ಪಾವಧಿ ನೆನಪಿನಲ್ಲಿ ಹಿಡಿಯಬೇಕು. ಮಂಜು ಬಿದ್ದ ತಿರುವನ್ನು ಕಣ್ಣು ನೋಡುತ್ತದೆ, ಆದರೆ ನೋಡಿದ್ದು ಒಳಗೆ ದಾಖಲಾಗುವುದಿಲ್ಲ.

ಪಕ್ಕದಲ್ಲಿ ಕೂತವರ ಜೊತೆ ಮಾತಾಡುವುದು ಅಷ್ಟು ಅಪಾಯ ಅಲ್ಲ. ಎದುರಿಗೆ ಲಾರಿಯೋ ಆನೆಯೋ ಕಂಡರೆ ಅವರೂ ಮಾತು ನಿಲ್ಲಿಸುತ್ತಾರೆ. ಫೋನಿನಲ್ಲಿರುವವರಿಗೆ ರಸ್ತೆ ಕಾಣುವುದಿಲ್ಲ. ಘಾಟಿ ಮುಗಿಯುವ ತನಕ ಕರೆ ತೆಗೆಯಬೇಡಿ. ಇದನ್ನು ನಾನು ಬೇಡಿಕೊಂಡು ಹೇಳುತ್ತಿದ್ದೇನೆ.

ಟ್ಯಾಕ್ಸಿ ಚಾಲಕರು: ಆದರೆ ಇಷ್ಟು ವರ್ಷ ಏನೂ ಆಗಿಲ್ಲ ಮೇಡಂ.

ಉತ್ತರ: ಯಾಕೆಂದರೆ ಆ ರಸ್ತೆ ನಿಮಗೆ ಅಭ್ಯಾಸ. ಅಭ್ಯಾಸವಾದ ಕೆಲಸ ಹೆಚ್ಚು ಗಮನ ಕೇಳುವುದಿಲ್ಲ. ಎಂದಿನಂತೆ ಇಲ್ಲದ್ದು ಎದುರಾದಾಗಲೇ ಗಮನ ಪೂರ್ತಿ ಬೇಕಾಗುವುದು. ಮಳೆಗಾಲದಲ್ಲಿ ಆ ರಸ್ತೆಗೆ ಮಣ್ಣು ಜರಿಯುವುದನ್ನು ನೀವೇ ನೋಡಿದ್ದೀರಿ.

ಪ್ರಶ್ನೆ (ಪೊನ್ನಂಪೇಟೆ, ನಿವೃತ್ತ ಸೈನಿಕರು, 67): ಒಳಗಿನ ಕೋಣೆಗೆ ಹೋಗುತ್ತೇನೆ, ಯಾಕೆ ಬಂದೆ ಅಂತ ಮರೆತಿರುತ್ತದೆ. ವಾಪಸ್ ಹಜಾರಕ್ಕೆ ಬಂದರೆ ನೆನಪಾಗುತ್ತದೆ. ನನ್ನ ಅಣ್ಣನಿಗೆ ಮರೆವಿನ ಕಾಯಿಲೆ ಇತ್ತು. ನನಗೂ ಶುರುವಾಯಿತಾ ಅಂತ ಭಯ.

ಉತ್ತರ: ಸರ್, ಅಣ್ಣನನ್ನು ಹಾಗೆ ನೋಡಿದವರಿಗೆ ಈ ಭಯ ಬರುವುದು ಸಹಜ. ನೀವು ಬರೆದದ್ದು ಮಾತ್ರ ಆ ಕಾಯಿಲೆಯ ಲಕ್ಷಣ ಅಲ್ಲ. ಬಾಗಿಲು ದಾಟಿದಾಗ ಹೀಗಾಗುವುದನ್ನು 2011ರಲ್ಲಿ ರಾಡ್ವಾನ್ಸ್ಕಿ ಮತ್ತು ಜೊತೆಯವರು ಕಾಲೇಜು ಹುಡುಗರಲ್ಲೇ ಕಂಡರು. ಕೋಣೆ ಬದಲಾದರೆ ಮನಸ್ಸು ಹೊಸ ಜಾಗದ ಲೆಕ್ಕ ಶುರು ಮಾಡುತ್ತದೆ, ಹಿಂದಿನದು ಬದಿಗೆ ಸರಿಯುತ್ತದೆ. ವಾಪಸ್ ಬಂದಾಗ ನೆನಪಾಗುತ್ತದೆ ಅಂದಿರಲ್ಲ, ಅದೇ ಒಳ್ಳೆಯ ಸೂಚನೆ. ವಿಷಯ ಒಳಗೆ ಉಳಿದಿದೆ ಅಂತ ಅದರಿಂದ ಗೊತ್ತಾಗುತ್ತದೆ.

ಉಳಿಯದಿದ್ದರೆ ಹೇಗಿರುತ್ತದೆ ಅನ್ನುವುದಕ್ಕೆ ಒಬ್ಬರ ಕಥೆ ಹೇಳುತ್ತೇನೆ. ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ 1953ರಲ್ಲಿ ಮೂರ್ಛೆರೋಗಕ್ಕಾಗಿ ಮೆದುಳಿನ ಆಪರೇಷನ್ ಆಯಿತು. ಆಮೇಲೆ ಹೊಸ ಘಟನೆ ಯಾವುದೂ ಅವರ ನೆನಪಿನಲ್ಲಿ ಉಳಿಯಲಿಲ್ಲ. 2008ರಲ್ಲಿ ತೀರಿಕೊಳ್ಳುವ ತನಕ ಹಾಗೇ ಇದ್ದರು. ಅಂಥವರೂ 584 ಅನ್ನುವ ಸಂಖ್ಯೆಯನ್ನು ಒಮ್ಮೆ ಕಾಲು ಗಂಟೆ ಹಿಡಿದಿಟ್ಟುಕೊಂಡರು. ಐದು, ಎಂಟು, ನಾಲ್ಕು ಕೂಡಿದರೆ ಹದಿನೇಳು, ಎಂಟು ಕಳೆದರೆ ಒಂಬತ್ತು, ಅದನ್ನು ಒಡೆದರೆ ಐದು ನಾಲ್ಕು ಅಂತ ಒಂದೇ ಸಮನೆ ಅದರ ಮೇಲೆ ಗಮನ ಇಟ್ಟಿದ್ದರು. ಗಮನ ಬೇರೆ ಕಡೆ ತಿರುಗಿದ ಒಂದೆರಡು ನಿಮಿಷದಲ್ಲಿ ಸಂಖ್ಯೆಯೂ ಇಲ್ಲ, ಹಾಗೊಂದು ಸಂಖ್ಯೆ ಕೊಟ್ಟಿದ್ದರು ಅನ್ನುವುದೂ ಇಲ್ಲ.

ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ದಿನಾ ಓಡಾಡುವ ದಾರಿ ತಪ್ಪುವುದು, ದುಡ್ಡಿನ ಲೆಕ್ಕ ಗೊಂದಲವಾಗುವುದು, ಸ್ವಭಾವ ಬದಲಾಗುವುದು, ಇವು ಕಂಡರೆ ತಡ ಮಾಡದೆ ನರರೋಗ ತಜ್ಞರನ್ನು ಕಾಣಿ. ಇದನ್ನು ಮನೆಯವರು ಗಮನಿಸಿದರೆ ಒಳ್ಳೆಯದು. ಥೈರಾಯ್ಡ್, ಬಿ12 ಕೊರತೆ, ನಿದ್ದೆ ಮಾತ್ರೆ, ಮನಸ್ಸಿನ ಬೇಸರ, ಕಿವಿ ಮಂದವಾಗುವುದು, ಇವುಗಳಿಂದಲೂ ಮರೆವು ಬರುತ್ತದೆ. ಇವನ್ನು ಸರಿ ಮಾಡಬಹುದು. ಅದಕ್ಕೇ ಒಮ್ಮೆ ಪರೀಕ್ಷೆ ಮಾಡಿಸಿಕೊಂಡರೆ ನಿಮಗೂ ಧೈರ್ಯ.

ಪ್ರಶ್ನೆ (ಸೋಮವಾರಪೇಟೆ, ಪಿಯುಸಿ ವಿದ್ಯಾರ್ಥಿನಿ): ಮ್ಯಾಮ್, ಗಮನ ಇದ್ದರೆ ನೆನಪು ಇರುತ್ತದೆ ಅಂತ ಅರ್ಥ ಆಯಿತು. ಉಲ್ಟಾನೂ ಇರುತ್ತಾ?

ಉತ್ತರ: ಇರುತ್ತದೆ. ತಲೆಯಲ್ಲಿ ಏನು ಹಿಡಿದಿದ್ದೀಯೋ ಅದು ಗಮನ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತದೆ. "ಕೆಂಪು ಹಣ್ಣು" ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಕಾಫಿ ಗಿಡ ನೋಡು, ಹಸಿರು ಕಾಯಿ ಕಣ್ಣಿಗೇ ಬೀಳುವುದಿಲ್ಲ. 2001ರ ಒಂದು ಪ್ರಯೋಗದಲ್ಲಿ ಒಂದು ಕಿವಿಗೆ ಬರುವ ಮಾತನ್ನು ಮಾತ್ರ ಕೇಳಿ ಅಂತ ಹೇಳಿ, ಇನ್ನೊಂದು ಕಿವಿಗೆ ಅವರದೇ ಹೆಸರು ಹೇಳಿದರು. ನೆನಪಿನ ಸಾಮರ್ಥ್ಯ ಕಡಿಮೆ ಇದ್ದವರಲ್ಲಿ 65% ಜನಕ್ಕೆ ಹೆಸರು ಕೇಳಿಸಿತು, ಜಾಸ್ತಿ ಇದ್ದವರಲ್ಲಿ 20%ಗೆ ಮಾತ್ರ. ಬೇಡದ್ದನ್ನು ಹೊರಗಿಡುವ ಶಕ್ತಿಯೂ ಈ ಸಾಮರ್ಥ್ಯದ ಒಂದು ಭಾಗ. ನೀನು ಓದಲು ಕೂರುವ ಮೊದಲು "ಈಗ ಈ ಒಂದು ಲೆಕ್ಕ" ಅಂತ ಚೀಟಿಯಲ್ಲಿ ಬರೆದು ಎದುರಿಗೆ ಇಟ್ಟುಕೋ. ಅದು ಕಣ್ಣೆದುರು ಇದ್ದಷ್ಟು ಹೊತ್ತು ಗಮನ ಎಲ್ಲಿಗೆ ಹೋದರೂ ವಾಪಸ್ ಬರಲು ಜಾಗ ಇರುತ್ತದೆ. ಫೋನ್ ಇನ್ನೊಂದು ಕೋಣೆಯಲ್ಲಿರಲಿ.

ವಿದ್ಯಾರ್ಥಿನಿ: ಬ್ರೈನ್ ಗೇಮ್ ಆ್ಯಪ್ ದುಡ್ಡು ಕೊಟ್ಟು ತಗೊಳ್ಳಲಾ? ಅಮ್ಮ ಬಾದಾಮಿ ಸಾಕು ಅಂತಿದ್ದಾರೆ.

ಉತ್ತರ: ಆ್ಯಪ್ ಬೇಡ. ಆಡಿದಷ್ಟೂ ಆ ಆಟದಲ್ಲಿ ಹುಷಾರಾಗುತ್ತೀಯ. ಅದರಿಂದ ಓದಿಗೆ ಹೆಚ್ಚೇನೂ ಲಾಭವಾಗುವುದು ಕಂಡಿಲ್ಲ. ಬಾದಾಮಿ ತಿನ್ನಬಹುದು, ಒಳ್ಳೆಯ ಆಹಾರ, ಆದರೆ ಅದನ್ನು ತಿಂದು ನೆನಪಿನ ಶಕ್ತಿ ಹೆಚ್ಚುತ್ತದೆ ಅಂತ ಕಾಯಬೇಡ. ಪರೀಕ್ಷೆ ಹತ್ತಿರ ಬಂದಾಗ ರಾತ್ರಿಯೆಲ್ಲ ಕೂತು ಓದುತ್ತೀರಲ್ಲ, ಅದನ್ನು ಬಿಟ್ಟು ನಿದ್ದೆ ಮಾಡು. ನಿದ್ದೆಗೆಟ್ಟ ಮರುದಿನ ಮೊದಲು ಕೈಕೊಡುವುದೇ ಗಮನ.