ಪೆಟ್ರೋಲಲ್ಲಿ ನೀರು ಸೇರಿದೆ, ಎಂಜಿನ್ ಹೋಯ್ತಾ?

ಮಲ್ನಾಡ್ ಸವಾರ:
ನಿನ್ನೆ ಜೋರು ಮಳೇಲಿ ಘಾಟಿ ಹತ್ತೋಕ್ ಮುಂಚೆ ಒಂದು ಬಂಕಲ್ಲಿ ಫುಲ್ ಟ್ಯಾಂಕ್ ಹಾಕ್ಸಿದ್ದು, ಸ್ವಲ್ಪ ದೂರ ಹೋಗೋಷ್ಟ್ರಲ್ಲಿ ಗಾಡಿ ಜರ್ಕ್ ಹೊಡೆಯೋಕ್ ಶುರು, ಪಿಕಪ್ ಇಲ್ಲ, ಚೆಕ್ ಎಂಜಿನ್ ಲೈಟ್ ಮಿಣಮಿಣ, ಆಫ್ ಆಗಿದ್ದು ಮತ್ತೆ ಸ್ಟಾರ್ಟೇ ಆಗ್ತಿಲ್ಲ. ಮೆಕ್ಯಾನಿಕ್ ಬಾಟ್ಲಿಗೆ ತೆಗೆದು ತೋರಿಸಿದ್ರು, ಕೆಳಗಡೆ ಬೇರೆ ಪದರ ನಿಂತಿದೆ. ಬಂಕ್‌ನವ್ರು ಅದು ನೀರಲ್ಲ ಎಥೆನಾಲ್ ಅಂತಾರೆ. ನಿಜಾನಾ?

ಗ್ರೀಸ್ ಕೈ:
ಅರ್ಧ ನಿಜ. ಇ20 ಪೆಟ್ರೋಲಲ್ಲಿ 20% ತನಕ ಎಥೆನಾಲ್ ಇರುತ್ತೆ, ಆದ್ರೆ ಅದು ಪೆಟ್ರೋಲ್ ಜೊತೆ ಬೆರೆತೇ ಇರುತ್ತೆ, ತಾನಾಗೇ ಕೆಳಗೆ ಇಳಿಯಲ್ಲ. ಚೂರುಪಾರು ನೀರು ಬಂದ್ರೂ ಒಳಗೇ ಕರಗಿಸ್ಕೊಳ್ಳುತ್ತೆ, ಮಿತಿ ಮೀರಿದ್ರೆ ಮಾತ್ರ ಪೆಟ್ರೋಲ್ ಬಿಟ್ಟು ನೀರಿನ ಜೊತೆ ತಳ ಸೇರುತ್ತೆ. ಸೋ ಆ ಪದರದಲ್ಲಿ ಎರಡೂ ಇದೆ, ಪದರ ಕಂಡಿದೆ ಅಂದ್ರೇನೇ ನೀರು ಹೊಕ್ಕಿದೆ ಅಂತ. ಬಂಕ್‌ನವ್ರ ಮಾತು ಅಲ್ಲಿಗೆ ಬಿದ್ದೋಯ್ತು.

ಫ್ಯುಯೆಲ್ ಪಂಪ್ ಎಳೆಯೋದು ಟ್ಯಾಂಕಿನ ತಳದಿಂದ, ಅದಕ್ಕೇ ಇಷ್ಟು ಬೇಗ ತೊಂದ್ರೆ ಕೊಡ್ತು. ಪೆಟ್ರೋಲ್ ಎಂಜಿನ್ ಇದಕ್ಕೆಲ್ಲ ಸಾಮಾನ್ಯವಾಗಿ ಸಾಯಲ್ಲ ಬಿಡಿ. ಆದ್ರೆ ಸುಮ್ನೆ ಸೆಲ್ಫ್ ಹೊಡೀತಾ ಇರ್ಬೇಡಿ! ಮಿಸ್‌ಫೈರ್ ಆಗಿ ಸುಡದೇ ಉಳಿದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ದಾರೀಲಿ ಹೊಗೆ ಶುದ್ಧ ಮಾಡೋ ಭಾಗ) ಒಳಗೆ ಹೋಗಿ ಉರಿದ್ರೆ ಅದು ಕರಗಿ ಬ್ಲಾಕ್ ಆಗ್ಬಹುದು, ಆ ಖರ್ಚಿನ ಮುಂದೆ ಟ್ಯಾಂಕ್ ಕ್ಲೀನಿಂಗ್ ಏನೂ ಅಲ್ಲ.

ಹುಬ್ಳಿ ಮಂದಿ:
ಮೇಲೆ ಒಳ್ಳೆ ಪೆಟ್ರೋಲ್ ಸುರದು ಒಂದ್ ಬಾಟ್ಲಿ ಆಡಿಟಿವ್ (ಪೆಟ್ರೋಲಿಗೆ ಬೆರಸೋ ಕೆಮಿಕಲ್) ಹಾಕ್ರಿ, ಸರಿ ಹೋಗ್ತೈತಿ.

ಗ್ರೀಸ್ ಕೈ:
ಪದರ ಬಿಟ್ಟ ಮೇಲೆ ಅದನ್ನ ನೆಚ್ಕೊಳ್ಬೇಡಿ ಸರ್. ಎಥೆನಾಲ್ ಕೆಳಗೆ ಹೋಗಿರೋದ್ರಿಂದ ಮೇಲಿನ ಪೆಟ್ರೋಲಿನ ಆಕ್ಟೇನೂ (ಎಂಜಿನ್ ನಾಕ್ ಆಗದಂಗೆ ತಡೆಯೋ ಗುಣ) ಇಳಿದಿರುತ್ತೆ. ಪೂರ್ತಿ ಖಾಲಿ ಮಾಡ್ಸಿ, ಲೈನ್ ಫ್ಲಶ್, ಫಿಲ್ಟರ್ ಬದಲು. ನಿಧಾನ ಮಾಡಿದ್ರೆ ಪಂಪ್, ಇಂಜೆಕ್ಟರ್ ತುಕ್ಕು ಹಿಡಿಯುತ್ತೆ.

ಡೀಸೆಲ್ ಪ್ರೇಮಿ:
ಡೀಸೆಲ್ ಆಗಿದ್ರೆ ಕಥೆನೇ ಬೇರೆ. ಕಾಮನ್ ರೈಲ್‌ನಲ್ಲಿ (ಈಗಿನ ಡೀಸೆಲ್ ಎಂಜಿನ್‌ಗೆ ಇಂಧನ ಚಿಮ್ಮಿಸೋ ಸಿಸ್ಟಮ್) ವಿಪರೀತ ಪ್ರೆಶರ್, ಪಂಪ್‌ಗೂ ಇಂಜೆಕ್ಟರ್‌ಗೂ ಡೀಸೆಲ್ಲೇ ಎಣ್ಣೆ, ನೀರಿಗೆ ಆ ಜಾರಿಕೆ ಎಲ್ಲಿದೆ? ಫಿಲ್ಟರ್ ವಾರ್ನಿಂಗ್ ಲೈಟ್ ಬಂದ್ರೆ ತಕ್ಷಣ ನಿಲ್ಲಿಸಿ ನೀರು ಡ್ರೈನ್ ಮಾಡ್ಸಿ.

ಮಲ್ನಾಡ್ ಸವಾರ:
ಟೋ ಮಾಡ್ಸಿದೀನಿ. ಬಂಕ್ ಮೇಲೆ ಕಂಪ್ಲೇಂಟ್ ಹೇಗೆ?

ಗ್ರೀಸ್ ಕೈ:
ಆ ಬಾಟ್ಲಿ ಚೆಲ್ಬೇಡಿ, ಸೀಲ್ ಮಾಡಿಡಿ. ಬಿಲ್ ಅಥವಾ ಯುಪಿಐ ಮೆಸೇಜ್, ಮೆಕ್ಯಾನಿಕ್ ಕೈಲಿ ಬರೆಸಿದ ಚೀಟಿ ಇಟ್ಕೊಂಡು ಆಯಿಲ್ ಕಂಪ್ನಿ ಕಸ್ಟಮರ್ ಕೇರ್‌ಗೆ ಹಾಕಿ. ಬಂಕಲ್ಲಿ ಭೂಮಿಯೊಳಗಿನ ಟ್ಯಾಂಕಿಗೆ ವಾಟರ್ ಪೇಸ್ಟ್ ಹಚ್ಚಿದ ಡಿಪ್ ರಾಡ್ ಇಳಿಸಿ ತೋರಿಸಿ ಅನ್ನಿ, ನೀರಿದ್ರೆ ಪೇಸ್ಟ್ ಬಣ್ಣ ಬದಲಾಗುತ್ತೆ. ಇವತ್ತೇ ಹೋಗಿ, ಅವ್ರು ನೀರು ತೆಗೆದ್ಬಿಟ್ರೆ ಅಲ್ಲೇನೂ ಸಿಗಲ್ಲ.