ಒಬ್ಬೊಬ್ಬರಿಗೂ ಬೇರೆ ಅಂಕಿ ಬರುವ ಗಣಿತ ಪ್ರಶ್ನೆ ಮಾಡೋದು ಹೇಗೆ?

ಪೊನ್ನಂಪೇಟೆ ಲೆಕ್ಕ ಕೇಳಿದ್ದು:

ದಕ್ಷಿಣ ಕೊಡಗಿನ ಒಂದು ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ನಮ್ಮಲ್ಲಿ ಮಳೆಗಾಲದ ರಜೆ ಜಾಸ್ತಿ. ಜುಲೈನಲ್ಲಿ ರಸ್ತೆಗೆ ಮರ ಬಿತ್ತು ಅಂದರೆ ಆ ದಿನದ ತರಗತಿ ಹೋದ ಹಾಗೆಯೇ. ಅದಕ್ಕೆ ಮಕ್ಕಳು ಮನೆಯಲ್ಲೇ ಕೂತು ಮಾಡಲಿ ಅಂತ ಆನ್‌ಲೈನ್ ಅಭ್ಯಾಸ ಹಾಕುತ್ತಿದ್ದೇನೆ. ನಾಲ್ಕು ಆಯ್ಕೆ, ಒಂದು ಸರಿ. ಮೊದಲು ಮುಗಿಸಿದವನು "1 ಬಿ, 2 ಡಿ, 3 ಎ" ಅಂತ ವಾಟ್ಸಾಪ್‌ಗೆ ಹಾಕುತ್ತಾನೆ. ಆಮೇಲೆ ಎಲ್ಲರಿಗೂ ನೂರಕ್ಕೆ ನೂರು.

ಈಗ ಮೂಡಲ್ ಎಂಬ ಆನ್‌ಲೈನ್ ಪಾಠದ ತಂತ್ರಾಂಶ ಸಿಕ್ಕಿದೆ. ಒಬ್ಬೊಬ್ಬರಿಗೂ ಬೇರೆ ಅಂಕಿ ಬರಬೇಕು, ತಿದ್ದುವ ಕೆಲಸ ಕಂಪ್ಯೂಟರೇ ಮಾಡಬೇಕು, ಇಷ್ಟು ಆಸೆ. ವರ್ಗ ಸಮೀಕರಣದ ಮೂರು ಜಾಗಕ್ಕೂ ರ್‍ಯಾಂಡಮ್ ಅಂಕಿ ಕೊಟ್ಟು ನೋಡಿದೆ. ಒಬ್ಬಳಿಗೆ ಎಕ್ಸ್² + 5ಎಕ್ಸ್ + 6 = 0 ಬಂತು. ಪಕ್ಕದವನಿಗೆ 7ಎಕ್ಸ್² + 3ಎಕ್ಸ್ + 8 = 0. ಅವಳು ಬಾಯಲ್ಲೇ ಉತ್ತರ ಹೇಳಿದಳು, ಇವನ ಹಾಳೆಯಲ್ಲಿ ಮೈನಸ್ 215ರ ವರ್ಗಮೂಲ ಕೂತಿದೆ. ಇದು ನ್ಯಾಯ ಅಲ್ಲ ಅಲ್ವಾ? ಇಂಥ ಪ್ರಶ್ನೆ ಮಾಡಿದವರು ಯಾರಾದರೂ ಇದ್ದರೆ ದಾರಿ ಹೇಳಿ.

ಕಾಫಿಹೂ ಬರೆದದ್ದು:

ಸುಮ್ನೆ ಯಾಕೆ ತಲೆನೋವು ಸರ್? ಒಂದೊಂದು ಪಾಠಕ್ಕೂ ಮೂವತ್ತು ಪ್ರಶ್ನೆ ಬರೆದಿಡಿ. ಅದರಲ್ಲಿ ಐದನ್ನು ಮೂಡಲ್ಲೇ ಆರಿಸಿ ಕೊಡುತ್ತದೆ. ಕೋಡಿಂಗ್ ಬೇಡ, ಏನೂ ಬೇಡ.

ಮಳೆಮಾಪಕ ಬರೆದದ್ದು:

ಕಾಫಿಹೂ ಹೇಳಿದ್ದು ಪರೀಕ್ಷೆಗೆ ಸಾಕು. ಅಭ್ಯಾಸಕ್ಕೆ ಸಾಲದು. ಅಭ್ಯಾಸ ಅಂದರೆ ತಪ್ಪಾದಾಗ ಅದೇ ತರಹದ್ದು ಇನ್ನೊಂದು ಸಿಗಬೇಕು, ಅದೂ ತಪ್ಪಾದರೆ ಮತ್ತೊಂದು.

ಪೊನ್ನಂಪೇಟೆಯವರೇ, ನೀವು ಮುಂದಿನಿಂದ ಹೊರಟಿದ್ದೀರಿ. ಹಿಂದಿನಿಂದ ಬನ್ನಿ. ಮೊದಲು ಉತ್ತರ ಆರಿಸಿ, ಅದರಿಂದ ಪ್ರಶ್ನೆ ಕಟ್ಟಿ. ಮೂಲಗಳು 3 ಮತ್ತು -4 ಅಂತ ಕಂಪ್ಯೂಟರ್ ಆರಿಸಲಿ. (ಎಕ್ಸ್ - 3)(ಎಕ್ಸ್ + 4) ಬಿಡಿಸಿ ಎಕ್ಸ್² + ಎಕ್ಸ್ - 12 ಅಂತ ಮಕ್ಕಳಿಗೆ ತೋರಿಸಲಿ. ಸೊನ್ನೆ ಬರದಂತೆ, ಎರಡೂ ಮೂಲ ಒಂದೇ ಆಗದಂತೆ ತಡೆ ಹಾಕಿದರೆ ಎಲ್ಲರಿಗೂ ಒಂದೇ ತೂಕದ ಲೆಕ್ಕ. ತ್ರಿಕೋನಕ್ಕೂ ಇದೇ ದಾರಿ. ಎಂ, ಎನ್ ಎರಡು ಪೂರ್ಣ ಸಂಖ್ಯೆ (ಎಂ ದೊಡ್ಡದು) ಹಿಡಿದು ಎಂ² - ಎನ್², 2ಎಂಎನ್, ಎಂ² + ಎನ್² ಮಾಡಿದರೆ ಪೈಥಾಗೊರಸ್ ಬಾಹುಗಳು ಪೂರ್ಣಾಂಕದಲ್ಲೇ ಬರುತ್ತವೆ. ಮ್ಯಾಟ್ರಿಕ್ಸ್ ಇನ್ವರ್ಸ್ ಕೇಳಬೇಕಾದರೆ ಕರ್ಣದಲ್ಲಿ ಬರೀ 1 ಇರುವ, ಪೂರ್ಣಾಂಕಗಳದ್ದೇ ಆದ ಒಂದು ಕೆಳ ತ್ರಿಕೋನ ಮ್ಯಾಟ್ರಿಕ್ಸ್ (ಕರ್ಣದ ಮೇಲೆಲ್ಲ ಸೊನ್ನೆ), ಒಂದು ಮೇಲಿನ ತ್ರಿಕೋನ ಮ್ಯಾಟ್ರಿಕ್ಸ್ (ಕರ್ಣದ ಕೆಳಗೆಲ್ಲ ಸೊನ್ನೆ) ತೆಗೆದುಕೊಂಡು ಗುಣಿಸಿ. ಡಿಟರ್ಮಿನೆಂಟ್ 1 ಆಗುತ್ತದೆ, ಇನ್ವರ್ಸ್‌ನಲ್ಲಿ ಭಿನ್ನರಾಶಿ ಬರುವುದಿಲ್ಲ.

ಇಲ್ಲಿಯವರೆಗೆ ಸುಲಭ. ಕಷ್ಟ ಇರುವುದು ಕೆಲವು ಅಂಕಿಗಳಲ್ಲಿ. ಎಕ್ಸ್² ಎಂಬ ವಕ್ರರೇಖೆಗೆ ಎಕ್ಸ್ = 2ರಲ್ಲಿ ಇಳಿಜಾರು ಎಷ್ಟು ಅಂತ ಕೇಳಿದಿರಿ ಅಂದುಕೊಳ್ಳಿ. ಉತ್ತರ 4. ಡಿಫರೆನ್ಶಿಯೇಟ್ ಮಾಡದೆ ಸುಮ್ನೆ 2 ಹಾಕಿ ವರ್ಗ ಮಾಡಿದವನಿಗೂ 4! ಎಕ್ಸ್³ ಆದರೆ 3ರಲ್ಲಿ ಹೀಗೇ ಆಗುತ್ತದೆ, ಎರಡು ದಾರಿಯಲ್ಲೂ 27. ಘಾತ ಎನ್ ಆದರೆ ಎಕ್ಸ್ = ಎನ್ ಇರುವ ಕಡೆ ಪ್ರಶ್ನೆ ಏನನ್ನೂ ಪರೀಕ್ಷೆ ಮಾಡುವುದಿಲ್ಲ. ಲಾಗ್ ಎ + ಲಾಗ್ ಬಿ ಅಂದರೆ ಲಾಗ್ (ಎ + ಬಿ) ಅಂತ ನಂಬಿರುವ ಹುಡುಗನಿಗೆ ಎ, ಬಿ ಎರಡೂ 2 ಕೊಟ್ಟು ನೋಡಿ, ಪೂರ್ತಿ ಅಂಕ. ನನಗಂತೂ 2ರ ಮೇಲೆ ನಂಬಿಕೆ ಹೊರಟುಹೋಗಿದೆ. ಪ್ರಶ್ನೆ ಬರೆಯುವ ಮೊದಲು ಮಕ್ಕಳು ಮಾಡುವ ನಾಲ್ಕೈದು ತಪ್ಪು ದಾರಿ ಬರೆದಿಟ್ಟುಕೊಳ್ಳಿ. ಯಾವ ಅಂಕಿಗೆ ತಪ್ಪು ದಾರಿಯೂ ಸರಿ ಉತ್ತರಕ್ಕೆ ಹೋಗಿ ಸೇರುತ್ತದೋ ಆ ಅಂಕಿ ಬೇಡ. ಅದೇ ಪಟ್ಟಿ ಆಮೇಲೆ ಇನ್ನೊಂದಕ್ಕೂ ಉಪಯೋಗ. ಮಗು ಆ ತಪ್ಪು ಉತ್ತರವನ್ನೇ ಬರೆದರೆ "ತಪ್ಪು" ಅಂತ ಮಾತ್ರ ಹೇಳಬೇಕಿಲ್ಲ, ಎಲ್ಲಿ ಜಾರಿತು ಅಂತಲೂ ಹೇಳಬಹುದು.

ತಿದ್ದುವುದಕ್ಕೆ ಮೂಡಲ್ ಒಳಗೇ ಕೂರುವ ಸ್ಟ್ಯಾಕ್ ಎಂಬ ತಂತ್ರಾಂಶ ನೋಡಿ. ಕ್ರಿಸ್ ಸ್ಯಾಂಗ್ವಿನ್ ಅವರು 2004ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು, ಉಚಿತ. ಒಳಗೆ ಮ್ಯಾಕ್ಸಿಮಾ ಎಂಬ ಬೀಜಗಣಿತ ತಂತ್ರಾಂಶ ಕೆಲಸ ಮಾಡುತ್ತದೆ. ಹಾಗಾಗಿ ಅಕ್ಷರಕ್ಕೆ ಅಕ್ಷರ ಹೋಲಿಸುವುದಿಲ್ಲ, ಬೀಜಗಣಿತದ ಪ್ರಕಾರ ಎರಡೂ ಒಂದೇನಾ ಅಂತ ನೋಡುತ್ತದೆ. ಇಲ್ಲೂ ಒಂದು ಗುಂಡಿ ಇದೆ. "ಎಕ್ಸ್² + 5ಎಕ್ಸ್ + 6 ಅನ್ನು ಅಪವರ್ತಿಸಿ" ಅಂದಾಗ ಜಾಣ ಹುಡುಗಿಯೊಬ್ಬಳು ಪ್ರಶ್ನೆಯನ್ನೇ ಮತ್ತೆ ಟೈಪ್ ಮಾಡಿದರೆ? ಬೀಜಗಣಿತಕ್ಕೆ ಅದೂ ಸರಿಯೇ! ಅದಕ್ಕೆ ಸ್ಟ್ಯಾಕ್‌ನಲ್ಲಿ ಅಪವರ್ತನ ರೂಪದಲ್ಲಿದೆಯೇ ಅಂತ ನೋಡುವ ಪರೀಕ್ಷೆ ಬೇರೆ, ಭಿನ್ನರಾಶಿ ಕನಿಷ್ಠ ರೂಪದಲ್ಲಿದೆಯೇ ಅಂತ ನೋಡುವುದು ಬೇರೆ. ಇಂಟಿಗ್ರೇಷನ್‌ಗೂ ಒಂದು ಇದೆ, ಪ್ಲಸ್ ಸಿ ಮರೆತವರನ್ನು ಹಿಡಿಯುತ್ತದೆ.

ದಶಮಾಂಶ ಉತ್ತರಕ್ಕೆ ಎಷ್ಟು ಸಡಿಲ ಬಿಡಬೇಕು ಅನ್ನುವುದನ್ನೂ ತಪ್ಪು ದಾರಿ ನೋಡಿಯೇ ತೀರ್ಮಾನಿಸಿ. ನಮ್ಮ ತೋಟದವರ ಲೆಕ್ಕದಲ್ಲಿ 1 ಇಂಚು 40 ಸೆಂಟ್ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ) ಮಳೆ ಅಂದರೆ 35.56 ಮಿಲಿಮೀಟರ್. ಇಂಚಿಗೆ 25.4ರ ಬದಲು 25 ಹಿಡಿದವನಿಗೆ 35 ಬರುತ್ತದೆ. ಶೇ 2 ಸಡಿಲ ಬಿಟ್ಟರೆ ಅವನೂ ಪಾಸು. ಶೇ 0.5 ಇಟ್ಟರೆ 35.6 ಬರೆದವರು ಉಳಿಯುತ್ತಾರೆ, 35 ಹೊರಗೆ.

ಕನ್ನಡದಲ್ಲಿ ಪ್ರಶ್ನೆ ಬರೆಯುವವರಿಗೆ ಮಾತ್ರ ಇರುವ ಇನ್ನೊಂದು ತೊಂದರೆ. ಇಂಗ್ಲಿಷಿನಲ್ಲಿ ಊರಿನ ಹೆಸರನ್ನು ಖಾಲಿ ಜಾಗಕ್ಕೆ ಹಾಗೇ ತುಂಬಬಹುದು. ನಮ್ಮಲ್ಲಿ ಮಡಿಕೇರಿಯಲ್ಲಿ, ಕುಶಾಲನಗರದಲ್ಲಿ, ಗೋಣಿಕೊಪ್ಪಲಿನಲ್ಲಿ. ಹೆಸರಿನ ಮುಂದೆ "ಅಲ್ಲಿ" ಅಂತ ಅಂಟಿಸಿದರೆ ಓದಲಿಕ್ಕೇ ಆಗುವುದಿಲ್ಲ ಮಾರಾಯ್ರೆ. ಪಟ್ಟಿಯಲ್ಲೇ ವಿಭಕ್ತಿ ಸಮೇತ ಪೂರ್ತಿ ಪದ ಇಡಿ. ಹುಡುಗ, ಹುಡುಗಿ ಹೆಸರು ಬದಲಾಗುವ ಕಡೆ "ತಂದನು", "ತಂದಳು" ಕೂಡ ಪಟ್ಟಿಯಲ್ಲೇ ಇರಲಿ. "1 ಚೀಲಗಳು" ಬರದಂತೆ ನೋಡಿಕೊಳ್ಳಿ. ಊರು ಮತ್ತು ಅಂಕಿ ಜೋಡಿಯಾಗಿಯೇ ಬರಬೇಕು. ಭಾಗಮಂಡಲದ ಜುಲೈ ಮಳೆಯನ್ನು ಕುಶಾಲನಗರಕ್ಕೆ ಸುರಿಸಿದರೆ ಮಕ್ಕಳು ಲೆಕ್ಕ ಬಿಟ್ಟು ನಗುತ್ತಾ ಕೂರುತ್ತಾರೆ.

ಕೊನೆಗೆ, ಪ್ರಶ್ನೆಯನ್ನು ಹಾಗೇ ಬಿಟ್ಟುಬಿಡಬೇಡಿ. ಸ್ಟ್ಯಾಕ್‌ನಲ್ಲಿ ಒಂದೇ ಪ್ರಶ್ನೆಗೆ ಬೇರೆ ಬೇರೆ ಅಂಕಿಯ ಇಪ್ಪತ್ತೋ ಮೂವತ್ತೋ ರೂಪ ಮೊದಲೇ ಮಾಡಿಟ್ಟು, ಒಂದೊಂದಕ್ಕೂ ಸರಿ ಉತ್ತರ, ತಪ್ಪು ಉತ್ತರ ಕೊಟ್ಟು ಪರೀಕ್ಷಿಸಬಹುದು. ಮಕ್ಕಳಿಗೆ ಆ ರೂಪಗಳು ಮಾತ್ರ ಹೋಗುತ್ತವೆ.

ಹಾರಂಗಿ ದಂಡೆ ಬರೆದದ್ದು:

ನೆಟ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಸ್ಟ್ಯಾಕ್‌ನಲ್ಲಿ ಉತ್ತರ ಟೈಪ್ ಮಾಡಿದಾಗಲೆಲ್ಲ ಅದು ಸರ್ವರ್‌ಗೆ ಹೋಗಿ ಬರಬೇಕು. ಕರೆಂಟ್ ಹೋಗಿ ಟವರ್ ಮಲಗಿದರೆ ಅಷ್ಟೇ. ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ನಂಬಾಸ್ ಕೂಡ ಉಚಿತ. ಅದು ಬ್ರೌಸರ್ ಒಳಗೇ ಅಂಕಿ ಆರಿಸುತ್ತದೆ, ಅಲ್ಲೇ ತಿದ್ದುತ್ತದೆ. ಪುಟ ಒಮ್ಮೆ ತೆರೆದುಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ನಡೆಯುತ್ತದೆ. ಆದರೆ ಉತ್ತರವೂ ಮಕ್ಕಳ ಫೋನಿನಲ್ಲೇ ಇರುತ್ತದೆ, ಕೋಡ್ ಬಲ್ಲವನು ಹುಡುಕಿ ತೆಗೆಯಬಹುದು. ಅಭ್ಯಾಸಕ್ಕೆ ಪರವಾಗಿಲ್ಲ, ಅಂಕ ಲೆಕ್ಕಕ್ಕೆ ಹಿಡಿಯುವ ಪರೀಕ್ಷೆಗೆ ಬೇಡ.

ಪೊನ್ನಂಪೇಟೆ ಲೆಕ್ಕ ಬರೆದದ್ದು:

ತುಂಬಾ ಉಪಕಾರ ಆಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಂಬಾಸ್, ಆಮೇಲೆ ಸ್ಟ್ಯಾಕ್ ಅಂತ ಯೋಚಿಸಿದ್ದೇನೆ. ಮಳೆಮಾಪಕರಿಗೆ ಒಂದು ಪ್ರಶ್ನೆ. ಡಿಟರ್ಮಿನೆಂಟ್ 1 ಇದ್ದರೆ, ಅಡ್ಜಾಯಿಂಟ್ ಬರೆದು ಅದನ್ನು ಡಿಟರ್ಮಿನೆಂಟ್‌ನಿಂದ ಭಾಗಿಸುವುದನ್ನೇ ಮರೆತವರಿಗೂ ಪೂರ್ತಿ ಅಂಕ ಬರುವುದಿಲ್ಲವೇ? ನೀವು 2ರ ಬಗ್ಗೆ ಹೇಳಿದ ಕಥೆಯೇ ಇದು.

ಮಳೆಮಾಪಕ ಬರೆದದ್ದು:

ಬರುತ್ತದೆ. ರೋ ಆಪರೇಷನ್ ಕಲಿಸುವಾಗ ಡಿಟರ್ಮಿನೆಂಟ್ 1 ಹಿತ, ಅಡ್ಜಾಯಿಂಟ್ ವಿಧಾನಕ್ಕೆ ಅಲ್ಲ. ಅಲ್ಲಿ ಮೇಲಿನ ತ್ರಿಕೋನದ ಕರ್ಣದಲ್ಲಿ ಒಂದು 1 ತೆಗೆದು 2 ಅಥವಾ 5 ಇಡಿ. ಕೆಳಗಿನದರ ಸಾಲುಗಳು (1, 0), (3, 1), ಮೇಲಿನದರವು (1, 2), (0, 5) ಅನ್ನಿ. ಗುಣಿಸಿದರೆ (1, 2), (3, 11), ಡಿಟರ್ಮಿನೆಂಟ್ 5. ಇನ್ವರ್ಸ್‌ನ ಸಾಲುಗಳು (11/5, -2/5), (-3/5, 1/5). 5 ಆದ್ದರಿಂದ 2.2 ಅಂತ ದಶಮಾಂಶದಲ್ಲಿ ಬರೆದರೂ ನಿಖರವಾಗೇ ಇರುತ್ತದೆ, 3 ಆಗಿದ್ದರೆ ಆ ಅನುಕೂಲ ಇಲ್ಲ.

ತಿದ್ದುವಾಗ ಮಗು ಕೊಟ್ಟ ಮ್ಯಾಟ್ರಿಕ್ಸನ್ನು ಪ್ರಶ್ನೆಯದರ ಜೊತೆ ಗುಣಿಸಿ ನೋಡಿ. ಐಡೆಂಟಿಟಿ ಬಂದರೆ ಪೂರ್ತಿ ಅಂಕ. ಐಡೆಂಟಿಟಿಯ 5 ಪಟ್ಟು ಬಂದರೆ ಅರ್ಧ ಅಂಕ ಕೊಟ್ಟು "ಡಿಟರ್ಮಿನೆಂಟ್‌ನಿಂದ ಭಾಗಿಸಿದಿರಾ?" ಅಂತ ಕೇಳಿ.